ಖಳನಾಯಕಿ ಬಂದಾಗ ನಾಬ್ ಎತ್ತ ತಿರುಗಿತು

೧

ಎಲ್ಲಿಂದ ಶುರು ಮಾಡಲಿ? ಮೆಟ್ಟಿಲಿಂದ ಶುರು ಮಾಡಿದರೆ ಯಾರೋ ಬೀಳುತ್ತಾರೆ ಎಂದು ನಿಮಗೆ ಗೊತ್ತಾಗಿಬಿಡುತ್ತದೆ. ನೀವೂ ಧಾರಾವಾಹಿ ನೋಡಿದವರೇ. ಆಕಾಶದಿಂದ ಶುರು ಮಾಡಿದರೆ ಯಾರಾದರೂ ಹಾರಿಬರಬೇಕು, ಅವರಿಗೆ ಮೈಗಂಟುವ ಬಟ್ಟೆ ಹೊಲಿಸಬೇಕು. ಅಷ್ಟು ಧೈರ್ಯ ನನಗಿಲ್ಲ. ಒಂದು ಕೋಣೆಯಿಂದ ಶುರು ಮಾಡುತ್ತೇನೆ. (ಚಿಲಕ ಹಾಕಿದೆ, ನೋಡಿ ಬಂದೆ. ಕಥೆಯೊಳಗಿನ ಚಿಲಕವನ್ನೂ ಎಳೆದು ನೋಡುವವರ ಪೈಕಿ ನಾನು.)

೨

ಕೋಣೆಯಲ್ಲೊಂದು ಪರದೆ, ಎದುರಿಗೆ ಕುರ್ಚಿಗಳು. ಪ್ರತಿ ಕುರ್ಚಿಯ ತೋಳಿಗೂ ಒಂದು ನಾಬ್, ತಿರುಗಿಸುವ ಗುಂಡಿ. ಇನ್ನೂ ಪ್ರಸಾರವಾಗದ ಧಾರಾವಾಹಿ, ಬಿಡುಗಡೆಯಾಗದ ಸಿನಿಮಾ ಇಲ್ಲಿ ವೀಕ್ಷಕರ ಮುಂದೆ ಬರುತ್ತವೆ. ಇಷ್ಟವಾದರೆ ನಾಬನ್ನು ಬಲಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಎಡಕ್ಕೆ. ಗಾಜಿನ ಹಿಂದೆ ಕೂತ ಸಮೀಕ್ಷೆಯವಳ ಕಂಪ್ಯೂಟರಿನಲ್ಲಿ ಒಂದು ಗೆರೆ ಏರುತ್ತದೆ, ಇಳಿಯುತ್ತದೆ. ಗೆರೆ ಇಳಿದರೆ ಪಾತ್ರವೂ ಇಳಿಯುತ್ತದೆ, ಸಾಮಾನ್ಯವಾಗಿ ಮೆಟ್ಟಿಲ ಮೇಲಿಂದ, ತಲೆ ಮುಂದಾಗಿ.

ಸಮೀಕ್ಷೆಯವಳೇ ನಮ್ಮ ನಾಯಕಿ. ಅವಳ ತಂಗಿ ನಟಿ. ವರ್ಷಗಟ್ಟಲೆ ಹೆಣವಾಗಿ, ನರ್ಸಾಗಿ, ಹೆಣಕ್ಕೆ ಬಟ್ಟೆ ಹೊದಿಸುವ ನರ್ಸಾಗಿ ನಟಿಸಿ, ಈಗ ಒಂದು ಧಾರಾವಾಹಿಯಲ್ಲಿ ದೊಡ್ಡ ಸೊಸೆಯಾಗಿದ್ದಾಳೆ. ಅಂದರೆ ಖಳನಾಯಕಿ. ಮಾತಿದೆ, ಕ್ಲೋಸಪ್ ಇದೆ, ಹುಬ್ಬು ಏರಿಸಿದರೆ ಪ್ರತ್ಯೇಕ ಸಂಗೀತವಿದೆ.

೩

(ಈ ಭಾಗದ ಮೊದಲ ಕರಡಿನಲ್ಲಿ ಭೂಕಂಪವಿತ್ತು. ತೆಗೆದೆ. ಅತ್ತೆಯೊಬ್ಬರು ಸಾಕು.)

ಅಂದು ವೀಕ್ಷಕರೊಬ್ಬರು ಬರಲಿಲ್ಲ. ಕುರ್ಚಿ ಖಾಲಿಯಿದ್ದರೆ ಪ್ರದರ್ಶನ ರದ್ದು. ನೌಕರರ ಸಂಬಂಧಿಕರು ಅಲ್ಲಿ ಕೂರುವಂತಿಲ್ಲ. ಕೂರಿಸಿದವರ ಕೆಲಸ ಹೋಗುತ್ತದೆ. ಮನೆಯ ಕೀಲಿ ಕೊಡಲು ಬಂದಿದ್ದ ತನ್ನ ಅತ್ತೆಯನ್ನು ಸಮೀಕ್ಷೆಯವಳು ಆ ಕುರ್ಚಿಯಲ್ಲಿ ಕೂರಿಸಿಬಿಟ್ಟಳು.

ಪರದೆಯ ಮೇಲೆ ದೊಡ್ಡ ಸೊಸೆ ಹಾಲಿನ ಲೋಟ ಎತ್ತಿಕೊಂಡಳು. ಅತ್ತೆ ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಅವರೂ ತಿರುಗಿಸಿದರು, ಅವರ ಪಕ್ಕದವರೂ. ಗೆರೆ ಕಂಪ್ಯೂಟರಿನ ತಳ ಮುಟ್ಟಿತು. ಆಮೇಲೆ ಸೂಪರ್‌ಹೀರೋ ಸಿನಿಮಾ. ಹಾರುವಣ್ಣ (ಹೆಸರಿಡಲು ನನಗೆ ಹೆದರಿಕೆ) ಕಟ್ಟಡಗಳ ನಡುವೆ ಮೇಲೇರಿದ. ಇಡೀ ಸಾಲು ಮತ್ತೆ ಎಡಕ್ಕೆ.

ಕಾರಿಡಾರಿನಲ್ಲಿ ಸಮೀಕ್ಷೆಯವಳು ಅತ್ತೆಯನ್ನು ಹಿಡಿದು ನಿಲ್ಲಿಸಿದಳು.

"ಅತ್ತೆ, ನಿಮಗೆ ಅವಳು ಇಷ್ಟ ಆಗ್ಲಿಲ್ವಾ?"

"ಯಾರು, ನಮ್ಮ ಹುಡುಗೀನಾ? ಏನ್ ಚೆನ್ನಾಗಿ ಮಾಡಿದ್ಲು. ಮೈ ಜುಮ್ ಅಂತು ನಂಗೆ."

"ಮತ್ಯಾಕೆ ಎಡಕ್ಕೆ ತಿರುಗಿಸಿದ್ರಿ?"

"ಅಷ್ಟು ರೋಷ ಬಂದೋಳು ಹಾಲಿಗೆ ವಿಷ ಹಾಕ್ದೆ ಬಿಡ್ತಾಳಾ? ಫ್ಯಾನ್ ಕಮ್ಮಿ ಮಾಡಲ್ವಾ, ಹಾಗೆ ಸ್ವಲ್ಪ ಕಮ್ಮಿ ಮಾಡಿದೆ. ನೋಡು, ಲೋಟ ಕೆಳಗಿಟ್ಟಳು."

"ಅದು ಕಥೇಲೇ ಹಾಗಿತ್ತು."

"ನಾನು ತಿರುಗಿಸಿದ ಮೇಲೇ ಇಟ್ಟಿದ್ದು. ಪಕ್ಕದೋರೂ ಪಾಪ ಕೈ ಜೋಡಿಸಿದ್ರು."

"ಆ ಹಾರೋನು ಏನ್ ಮಾಡಿದ್ದ?"

"ಅಷ್ಟು ಮೇಲೆ ಹೋಗಿದ್ನಲ್ಲೇ. ಅವನಿಗೂ ಒಬ್ಬ ತಾಯಿ ಇರಲ್ವಾ? ಮೆತ್ತಗೆ ಇಳಿಸ್ದೆ."

೪

ವೀಕ್ಷಕರ ಅಭಿಪ್ರಾಯಕ್ಕೆ ತಲೆಬಾಗಿ ಎರಡು ತೀರ್ಮಾನಗಳಾದವು. ಒಂದು, ಜನರಿಗೆ ಹಾರಾಟ ಸಾಕಾಗಿದೆ. ಹಾರುವಣ್ಣ ಇನ್ನು ನಡೆಯತಕ್ಕದ್ದು. ಎರಡು, ದೊಡ್ಡ ಸೊಸೆ ಮೆಟ್ಟಿಲಿಂದ ಬಿದ್ದು ಸಾಯತಕ್ಕದ್ದು.

ತಂಗಿಯ ಫೋನ್ ಬಂತು. "ಅಕ್ಕಾ, ನಾಳೆ ಮೆಟ್ಟಿಲ ಸೀನ್ ಕಣೇ. ಕ್ಯಾಮೆರಾ ಟಾಪ್ ಆ್ಯಂಗಲ್ ಅಂತೆ. ಹೊಸ ಕಾಸ್ಟ್ಯೂಮಂತೆ."

"ಪೂರ್ತಿ ಇಳೀತೀಯಾ?"

"ಇಳೀದೆ ಇನ್ನೇನು, ಮೇಲೇ ನಿಂತಿರ್ತೀನಾ? ನಿಂಗೆ ಹೊಟ್ಟೆಕಿಚ್ಚು."

೫

ಮುಕ್ತಾಯ ಒಂದು: ಸಮೀಕ್ಷೆಯವಳು ಸುಮ್ಮನಿರುತ್ತಾಳೆ. ಕೆಲಸ ಉಳಿಯುತ್ತದೆ, ತಂಗಿ ಬೀಳುತ್ತಾಳೆ. ಬರೆದು ಮುಗಿಸಿದ್ದೆ. ಬರೆದ ಸಾಲುಗಳ ನಡುವಿನಿಂದ ಅತ್ತೆ ತಲೆ ಹೊರಹಾಕಿದರು.

"ಇದೇನಮ್ಮಾ ಬರೆದಿದ್ದೀಯ?"

"ಅತ್ತೆ, ನೀವು ಪಾತ್ರ. ಸ್ವಲ್ಪ ಸುಮ್ನಿರಿ."

"ನಾನು ಅವಳತ್ತೆ. ನಿನಗ್ಯಾವಾಗ ಅತ್ತೆ ಆದೆ?"

ಮುಕ್ತಾಯ ಎರಡು: ಹಾರುವಣ್ಣ ಬಂದು ದೊಡ್ಡ ಸೊಸೆಯನ್ನು ನಡುಗಾಳಿಯಲ್ಲಿ ಹಿಡಿಯುತ್ತಾನೆ. ಆದರೆ ಅವನೀಗ ನಡೆಯಬೇಕಲ್ಲ. ದಾರಿ ಕೇಳುತ್ತಾ, ಸಿಗ್ನಲ್ಲಿನಲ್ಲಿ ನಿಲ್ಲುತ್ತಾ ಬಂದು ತಲುಪುವಷ್ಟರಲ್ಲಿ ದೊಡ್ಡ ಸೊಸೆಯ ಫೋಟೊ ಗೋಡೆಗೇರಿದೆ, ಗಂಡನಿಗೆ ಇನ್ನೊಂದು ಮದುವೆಯಾಗಿದೆ, ಆ ಹೊಸ ಹೆಂಡತಿಯೂ ಮೆಟ್ಟಿಲ ತುದಿಯಲ್ಲಿ ನಿಂತಿದ್ದಾಳೆ.

ಮುಕ್ತಾಯ ಮೂರು, ಅತ್ತೆಯದು: "ಕೋಮಾಗೆ ಹಾಕು. ಮಲ್ಕೊಂಡಿದ್ರೂ ಕೆಲ್ಸ ಇರುತ್ತೆ."

"ಹೆಣ ಆಗಿ ಮಲಗಿ ಮಲಗಿ ಸಾಕಾಗಿದೆ ಅವಳಿಗೆ. ಈಗಷ್ಟೇ ಎದ್ದು ನಿಂತಿದ್ದಾಳೆ."

ಅತ್ತೆ ಸಾಲಿನ ಮೇಲೆ ಮೊಣಕೈ ಊರಿದರು. "ಹಾಗಾದ್ರೆ ನನ್ ಸೊಸೇನ ನಿಜ ಹೇಳಕ್ಕೆ ಬಿಡು."

"ಕೆಲಸ ಹೋಗುತ್ತೆ."

"ಹೋದ್ರೆ ಅವಳದ್ದು ಹೋಗುತ್ತೆ. ನೀನ್ಯಾಕೆ ನಡುಗ್ತೀಯಾ?"

ಮೂರೂ ಮುಕ್ತಾಯಗಳನ್ನು ಬದಿಗಿಟ್ಟೆ. (ನಿಮಗೆ ಬೇಕಿದ್ದರೆ ಒಂದನ್ನು ಇಟ್ಟುಕೊಳ್ಳಿ.)

೬

ಮರುದಿನ ಸಮೀಕ್ಷೆಯವಳು ಅಂತಿಮ ವರದಿ ಹಿಡಿದು ಧಾರಾವಾಹಿಯ ನಿರ್ಮಾಪಕರ ಕೋಣೆಗೆ ಹೋದಳು. 'ವರದಿ ಕೊಟ್ಟು ಹೊರಬಂದಳು' ಎಂದು ಬರೆದೆ. ಅವಳು ಬರಲಿಲ್ಲ.

"ಸರ್, ಆ ಗೆರೆ ತಪ್ಪು," ಎಂದಳು.

ಅಳಿಸಿದೆ. ಇನ್ನೂ ಗಟ್ಟಿಯಾಗಿ ಹೇಳಿದಳು. "ತಪ್ಪು ಸರ್. ನಾಬ್ ಏನಕ್ಕಂತ ಆ ಸಾಲಿಗೆ ಗೊತ್ತೇ ಆಗಿಲ್ಲ. ಅವರಿಗೆ ಹೇಳ್ಕೊಟ್ಟಿದ್ದು ನಮ್ಮತ್ತೆ. ಅತ್ತೇನ ಅಲ್ಲಿ ಕೂರಿಸಿದ್ದು ನಾನು. ಖಳನಾಯಕಿ ನನ್ನ ತಂಗಿ. ಅದೂ ಗೊತ್ತಿರ್ಲಿ."

ಕೊನೆಯ ಎರಡು ವಾಕ್ಯಗಳನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಅವುಗಳನ್ನಾದರೂ ಹಿಂದಕ್ಕೆಳೆಯೋಣವೆಂದರೆ ಅವಳು ನನಗೆ ಬೆನ್ನು ಹಾಕಿ ನಿಂತಿದ್ದಾಳೆ.

ನಿರ್ಮಾಪಕರು ಕನ್ನಡಕ ತೆಗೆದರು. ನಗುವ ನಿರ್ಮಾಪಕರನ್ನು ಬರೆದು ನೋಡಿದೆ, ಸುಳ್ಳೆನಿಸಿತು. ಬೈಯುವವರನ್ನು ಬರೆದೆ, ಧಾರಾವಾಹಿಯಾಯಿತು. ಕೊನೆಗೆ ಅವರೇ ಬಾಯಿ ಬಿಟ್ಟರು.

"ಕೂತ್ಕೊಳ್ಳಿ."

ಅದರಲ್ಲಿ ಕೋಪ ಹುಡುಕಿದೆ, ಕರುಣೆ ಹುಡುಕಿದೆ. ಎರಡೂ ಕೈಗೆ ಸಿಗಲಿಲ್ಲ. ಅತ್ತ ಸೆಟ್ಟಿನಲ್ಲಿ ತಂಗಿ ಮೆಟ್ಟಿಲ ಸೀನಿಗೆ ಮೇಕಪ್ ಮಾಡಿಸಿಕೊಳ್ಳುತ್ತಾ ಗುನುಗುತ್ತಿದ್ದಾಳೆ. ಇತ್ತ ಅಕ್ಕ ಕುರ್ಚಿ ಎಳೆದುಕೊಂಡಿದ್ದಾಳೆ. ಇನ್ನೂ ಕೂತಿಲ್ಲ.