ಮೂರನೇ ಪಾಳಿ

ಭೀಮಮ್ಮನ ಹೆಸರನ್ನು ನಾನು ಬರೆಯಬೇಕಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬರೆಯದಿದ್ದರೂ ನನ್ನ ಕೆಲಸ ಆಗುತ್ತಿತ್ತು. ಎರಡು ದಿನ ಹೆಚ್ಚು ಹಿಡಿಯುತ್ತಿತ್ತು, ಅಷ್ಟೆ.

ನಾನು ಸರಕಾರಿ ಆಡಿಟ್ ಇಲಾಖೆಯಲ್ಲಿದ್ದೇನೆ. ಮನೆ ಡೊಂಬಿವಲಿಯಲ್ಲಿ, ನಮ್ಮ ತಂಡ ಕೂರುವುದು ಠಾಣೆ ನಗರದ ಒಂದು ಕಚೇರಿಯವರು ಬಿಟ್ಟುಕೊಟ್ಟ ಕೋಣೆಯಲ್ಲಿ. ಆ ಸಲ ನಮಗೆ ಬಂದದ್ದು ಕಲ್ಯಾಣದ ಆಸ್ಪತ್ರೆಯೊಂದರ ಡಯಾಲಿಸಿಸ್ ಕೇಂದ್ರ. ಜಾಗ, ನೀರು, ಕರೆಂಟು ಸರಕಾರದ್ದು. ಹತ್ತು ಯಂತ್ರ ಮತ್ತು ನಡೆಸುವ ಜನ ಒಂದು ಖಾಸಗಿ ಕಂಪನಿಯದ್ದು. ದಿನಕ್ಕೆ ಮೂರು ಪಾಳಿ. ಮೊದಲೆರಡು ದುಡ್ಡು ಕೊಡುವವರಿಗೆ. ಸಂಜೆ ನಾಲ್ಕರಿಂದ ಎಂಟರ ಮೂರನೇ ಪಾಳಿ ಪೂರ್ತಿ ಬಡವರಿಗೆ, ಪುಕ್ಕಟೆ. ಅವರ ಖರ್ಚನ್ನು ಸರಕಾರ ಕಂಪನಿಗೆ ತುಂಬಿಕೊಡುತ್ತದೆ. ಕರಾರಿನಲ್ಲಿ ಹಾಗಿತ್ತು. ರಿಜಿಸ್ಟರಿನಲ್ಲೂ ಹಾಗೇ ಇತ್ತು. ಮೂರನೇ ಪಾಳಿಯ ಪುಟಗಳಲ್ಲಿ ದಿನಕ್ಕೆ ಹತ್ತು ಹೆಬ್ಬೆಟ್ಟು, ಒಂದೂ ತಪ್ಪಿಲ್ಲದೆ. ದೀಪಾವಳಿ ಹಬ್ಬದ ದಿನವೂ ಹತ್ತು, ಟ್ರೇನುಗಳು ನಿಂತ ದಿನವೂ ಹತ್ತು. ಹತ್ತು ಜನ ಕಾಯಿಲೆಯವರು ಅಷ್ಟು ಶಿಸ್ತಾಗಿ ಬರುವುದಿಲ್ಲ ಎಂದು ನನಗೆ ಅಲ್ಲೇ ಅನುಮಾನ ಬಂತು.

ಕೇಂದ್ರದ ಮ್ಯಾನೇಜರ್ ಮಯೂರ್, ನಮ್ಮ ಕಾರ್ಕಳದ ಕಡೆಯ ಹುಡುಗ. ಮೊದಲ ದಿನವೇ ತುಳುವಿನಲ್ಲಿ ಮಾತಾಡಿಸಿ, ಆಮೇಲೆ ಬೇರೆಯವರೆದುರು ಕನ್ನಡಕ್ಕೆ ಬಂದ.

"ಅಕ್ಕ, ಎಂತ ಬೇಕಾದ್ರೂ ಕೇಳಿ ಮಾರಾಯ್ರೆ. ನಮ್ದು ತೆರೆದ ಪುಸ್ತಕ."

ಕೇಳಿದ ಕಾಗದವನ್ನೆಲ್ಲ ಅವನು ಮೂರು ಗಂಟುಗಳಲ್ಲಿ ಕಟ್ಟಿಕೊಟ್ಟಿದ್ದ. ಎರಡನ್ನು ಬಿಚ್ಚಿದ್ದೆ. ಮೂರನೆಯದು ಯಂತ್ರ ರಿಪೇರಿಯವರ ತಿಂಗಳ ಶೀಟುಗಳು. ಅದರ ದಾರವನ್ನೂ ಮುಟ್ಟಿರಲಿಲ್ಲ.

ನಾವು ಸ್ಥಳಕ್ಕೆ ಹೋಗಿ ನೋಡಿದ್ದನ್ನು ಜಂಟಿ ಪರಿಶೀಲನಾ ಟಿಪ್ಪಣಿ ಎಂದು ಬರೆಯುತ್ತೇವೆ. ನೋಡಿದ್ದು, ಕೇಳಿದ್ದು, ಯಾರು ಹೇಳಿದರು, ಅವರ ಸಹಿ. ಕೊನೆಗೆ ನಮ್ಮದೊಂದು ಸಹಿ, ಅವರದೊಂದು ಸಹಿ. ನಾಳೆ ಯಾರೂ ಹಾಗೆ ಇರಲೇ ಇಲ್ಲ ಎನ್ನಬಾರದೆಂದು ಈ ಪದ್ಧತಿ. ಒಂದು ಪ್ರತಿ ನಮಗೆ, ಒಂದು ಅವರಿಗೆ.

ಅದನ್ನು ಬರೆಯುವ ದಿನ ನನಗೆ ನಾಲ್ಕೂ ಹತ್ತರ ಲೋಕಲ್ ಹಿಡಿಯಬೇಕಾಗಿತ್ತು. ಮಗಳು ಅಶ್ಮಿತಾಳ ಶಾಲೆಯಲ್ಲಿ ಐದಕ್ಕೆ ಪೋಷಕರ ಸಭೆ. ಹಿಂದಿನ ಎರಡು ಸಭೆಗೆ ನಾನು ಹೋಗಿರಲಿಲ್ಲ. ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ ಅವಳು, "ಮಮ್ಮಾ, ಆಜ್ ಭೀ ನಹೀಂ ಆಯೀ ತೋ ಮೈ ಟೀಚರ್ ಕೋ ಬೋಲ್ ದೂಂಗೀ ಕಿ ಮೇರೀ ಮಮ್ಮೀ ಗಾವ್ ಮೇ ರಹತೀ ಹೈ" ಎಂದಿದ್ದಳು. ಇವತ್ತೂ ಬರದಿದ್ದರೆ ಅಮ್ಮ ಹಳ್ಳಿಯಲ್ಲಿರುತ್ತಾಳೆ ಎಂದು ಟೀಚರಿಗೆ ಹೇಳಿಬಿಡುತ್ತಾಳಂತೆ; ಕನ್ನಡದಲ್ಲಿ ಬೈದೆ. ಅವಳು ಹಿಂದಿಯಲ್ಲೇ ನಕ್ಕಳು.

ಮೂರೂ ಇಪ್ಪತ್ತಕ್ಕೆ ಕೇಂದ್ರದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳು ಹೆಂಗಸು ಡಬ್ಬಿ ಬಿಚ್ಚಿ ಕೂತಿದ್ದಳು. ರೊಟ್ಟಿ, ಪುಂಡಿಪಲ್ಯ. ಪಕ್ಕದಲ್ಲಿ ಗಂಡ, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಅವನ ಕಾಲು ಬಾತು, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿತ್ತು.

"ಯಾವೂರಮ್ಮ ನಿಮ್ದು?" ಎಂದೆ.

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅದಕ್ಕೇ ಹಾಗೆ ಕೇಳಿದ್ದು ಎಂಬುದೂ ನನಗೆ ಗೊತ್ತಿತ್ತು.

"ಎಪ್ಪಾ, ಕನ್ನಡದವ್ರು ಇದ್ದೀರೇನ್ರಿ ಅಕ್ಕಾರ? ನಮ್ದು ರಾಯಚೂರ ಕಡೆ. ಇಲ್ಲೇ ವಿಠ್ಠಲವಾಡಿಯಾಗ ಇರತೀವಿ. ನಾ ಭೀಮಮ್ಮ. ಇವ್ರು ನಮ್ಮನ್ಯಾವ್ರು, ಸೈದಪ್ಪ. ಗಾರೆ ಕೆಲಸಾ ಮಾಡತಿದ್ರು. ಈಗ ನಾ ಒಬ್ಬಾಕಿನ ಮಾಡತೀನಿ."

"ನಾಲ್ಕರ ಪಾಳಿಗೆ ಬಂದದ್ದಾ?"

"ಎಲ್ಲಿ ನಾಕರ ಪಾಳಿ ಅಕ್ಕಾರ!" ಅವಳು ನಕ್ಕಳು. "ದೀಪಾವಳಿಗೆ ಮುಂಚೇನ ಬಂದ್ ಆಗೇದ. ರೊಕ್ಕದ ಮಂದಿ ಯಾರಾರ ಬರಲಿಲ್ಲಂದ್ರ ಆ ಜಾಗಾಕ್ಕ ನಮ್ಮನ್ನ ತುರಕತಾರ. ಇಲ್ಲಾಂದ್ರ ಹಿಂಗ ಮುಂಜಾನಿಂದ ಕುಂದ್ರಿಸಿ 'ಕಲ್ ಆಓ', ನಾಳಿ ಬರ್ರಿ ಅಂತಾರ. ವಾರಕ್ಕ ಮೂರು ಸಲ ಆಗಬೇಕಂತ ಡಾಕ್ಟರು ಬರದಾರ. ಎರಡು ಸಲ ಸಿಗತೈತಿ. ಹೆಬ್ಬಟ್ಟು ಮಾತ್ರ ಮೂರಕ್ಕೂ ಒತ್ತಸ್ತಾರ. ಶನಿವಾರದ್ದೂ ಮಂಗಳವಾರನ ಒತ್ತಿ ಬಿಡೂದು."

ಸೈದಪ್ಪ ಕಣ್ಣು ತೆರೆಯದೆ, "ಸಾಕ್ ಬಿಡಲೇ. ಸಿಕ್ಕಿದ್ದೂ ತಪ್ಪಸ್ತೀಯಾ" ಎಂದ.

"ಅಕ್ಕಾರು ನಮ್ಮೋರು ಅದಾರ, ಸುಮ್ಕಿರಿ. ಹಗಲೆಲ್ಲ ಗೋಡಿ ಜೋಡಿ ಮಾತಾಡಲೇನ?"

ನನಗೆ ಬೇಕಾದದ್ದು ಹತ್ತು ನಿಮಿಷದಲ್ಲಿ ಕೈಗೆ ಬಂದಿತ್ತು. ಮೂರೂವರೆಯಾಗಿತ್ತು. ಅವಳು ಹೇಳಿದ್ದನ್ನು ಬರೆದೆ, ಕೆಳಗೆ ಹೆಸರು, ವಿಳಾಸ, ಕಾರ್ಡ್ ನಂಬರ್ ಬರೆದೆ. "ಇಲ್ಲೊಂದು ಹೆಬ್ಬೆಟ್ಟು ಒತ್ತಿ, ನಿಮಗೆ ಒಳ್ಳೇದಾಗತ್ತೆ" ಎಂದೆ. ಒತ್ತಿದಳು. ಒಳಗೆ ಹೋಗಿ ಟಿಪ್ಪಣಿಯನ್ನು ಮಯೂರನ ಮುಂದಿಟ್ಟೆ. ಅವನು ಓದುತ್ತ ಓದುತ್ತ ಹೆಸರಿನ ಹತ್ತಿರ ಸ್ವಲ್ಪ ನಿಂತ. ಆಮೇಲೆ ಸಹಿ ಹಾಕಿದ. ಅವನ ಪ್ರತಿಯನ್ನು ನನ್ನ ಕೈಯಾರೆ ಹರಿದು ಕೊಟ್ಟೆ.

ನಾಲ್ಕೂ ಹತ್ತರ ಟ್ರೇನ್ ಸಿಕ್ಕಿತು. ಸಭೆಯಲ್ಲಿ ಟೀಚರ್ ನನ್ನ ಜತೆ ಮಾತಾಡಿದ್ದು ಎರಡು ನಿಮಿಷ. ಅಶ್ಮಿತಾ ಚೆನ್ನಾಗಿ ಓದುತ್ತಾಳೆ, ಅಕ್ಷರ ಸ್ವಲ್ಪ ದೊಡ್ಡದಾಗಲಿ ಎಂದರು.

ಹನ್ನೊಂದನೇ ದಿನ ಭೀಮಮ್ಮ ಠಾಣೆಯ ನಮ್ಮ ಕೋಣೆಗೆ ಬಂದಳು. ಹೇಗೆ ಹುಡುಕಿದಳೋ. ನೀರು ಕೊಟ್ಟರೆ ಕುಡಿಯಲಿಲ್ಲ.

"ಅಕ್ಕಾರ, ಅವ್ರನ್ನ ಐರೋಲಿಗೆ ಹಾಕ್ಯಾರ."

ಐರೋಲಿಯಲ್ಲಿ ಅದೇ ಕಂಪನಿಯ ಇನ್ನೊಂದು ಕೇಂದ್ರ ಇತ್ತು. ಬೆಳಿಗ್ಗೆ ಐದೂವರೆಗೆ ಅಲ್ಲಿರಬೇಕು. ವಿಠ್ಠಲವಾಡಿಯಿಂದ ಠಾಣೆಗೆ, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಟ್ರೇನು. ಮೊದಲ ಸಲ ತಡವಾಗಿ ಮುಟ್ಟಿದ್ದಕ್ಕೆ ಜಾಗ ಬೇರೆಯವರಿಗೆ ಹೋಯಿತಂತೆ. ಎರಡನೇ ಸಲ ಠಾಣೆಯ ಸೇತುವೆಯ ಮೇಲೆ ಸೈದಪ್ಪ ಕೂತುಬಿಟ್ಟ, ಏಳಲಾಗಲಿಲ್ಲ. ಒಟ್ಟು ಎರಡು ಸಲ ತಪ್ಪಿತ್ತು.

"ಉಸುರು ಎಳೀತಾರ್ರಿ. ಅಡ್ಡ ಮಲಗಾಕ ಬರಂಗಿಲ್ಲ, ಕುಂತೇ ಇರತಾರ. ನಾ ಅವತ್ತು ಮಾತಾಡಿದ್ದು ತಪ್ಪಾತೇನ್ರಿ? ಆ ಹಾಳ್ಯಾಗಿಂದ ನನ್ನ ಹೆಸರು ಅಳಿಸಿಬಿಡ್ರಿ. ನಾ ಏನೂ ಅಂದೇ ಇಲ್ಲ."

ತಪ್ಪು ನಿಮ್ಮದಲ್ಲ ಎಂದು ಹೇಳಬಹುದಿತ್ತು. "ನೋಡ್ತೇನೆ" ಎಂದೆ. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ಮಾತು, ತಾನಾಗಿ ಬಂತು.

ನಮ್ಮ ತಂಡದ ಹಿರಿಯರು ಪುಂಡರೀಕಾಕ್ಷ, ಮೈಸೂರಿನವರು. ಅವಳು ಹೋದ ಮೇಲೆ ಅವರ ಮುಂದೆ ನಿಂತೆ.

"ಸಹಿಯಾದ ಟಿಪ್ಪಣೀನ ಅಳಿಸೋಕೆ ಆಗಲ್ಲಮ್ಮ, ನಿನಗೆ ಗೊತ್ತು. ಆ ಮನುಷ್ಯನ್ನ ವಾಪಸ್ ತಗೊಳ್ಳಿ ಅಂತ ಹೇಳೋಕೂ ಆಗಲ್ಲ. ಆಡಿಟ್‌ನೋರು ಆರ್ಡರ್ ಮಾಡಲ್ಲ, ಕೇಳ್ತಾರೆ."

"ಕೇಳಿದ್ದರಿಂದಲೇ ಹೀಗಾಯ್ತಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ಹೆಸರು ಯಾಕೆ ಹಾಕಿದೆ? ರಿಪೇರಿ ಶೀಟ್ ನೋಡಿದ್ಯಾ? ಅದರಲ್ಲಿ ಯಂತ್ರ ಓಡಿದ ಗಂಟೆ ಇರತ್ತಲ್ಲ."

ಅವತ್ತೇ ಮೂರನೇ ಗಂಟಿನ ದಾರ ಬಿಚ್ಚಿದೆ. ಪ್ರತಿ ಯಂತ್ರವೂ ತಾನು ಓಡಿದ ಗಂಟೆಯನ್ನು ತನ್ನೊಳಗೇ ಎಣಿಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬರುವ ರಿಪೇರಿಯವನು ಅದನ್ನು ಶೀಟಿನಲ್ಲಿ ಬರೆಯುತ್ತಾನೆ. ಮೂರು ಪಾಳಿ ನಡೆದಿದ್ದರೆ ದಿನಕ್ಕೆ ಹನ್ನೆರಡು ಗಂಟೆ ಆಗಬೇಕು. ಹತ್ತೂ ಯಂತ್ರಗಳು, ನವೆಂಬರಿನಿಂದ ಈಚೆಗೆ, ಎಂಟರ ಆಚೆ ಹೋಗಿರಲಿಲ್ಲ. ಎಲ್ಲವನ್ನೂ ತಾಳೆ ಹಾಕಿ, ಕಂಪನಿಯಿಂದ ಉತ್ತರ ಕೇಳುವ ಮೆಮೊ ಬರೆಯಲು ಸರಿಯಾಗಿ ಎರಡು ದಿನ ಹಿಡಿಯಿತು. ಅದರಲ್ಲಿ ಒಬ್ಬ ಮನುಷ್ಯನ ಹೆಸರೂ ಬೇಕಾಗಲಿಲ್ಲ. ಮೊದಲ ದಿನದಿಂದ ಆ ಗಂಟು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಊಟದ ಹೊತ್ತಿಗೆ ಡಬ್ಬಿಯನ್ನು ಅದರ ಮೇಲೇ ಇಡುತ್ತಿದ್ದೆ.

ಆ ಮೆಮೊ ಇನ್ನೂ ನನ್ನ ಚೀಲದಲ್ಲಿರುವಾಗಲೇ, ಶುಕ್ರವಾರ, ಮಯೂರ್ ನಮ್ಮ ಕೋಣೆಗೆ ಬಂದ. ಒಂದು ಕಾಗದ ತಂದಿದ್ದ. ಹಿಂದಿಯಲ್ಲಿ ಟೈಪ್ ಮಾಡಿಸಿದ್ದು, ಕೆಳಗೆ ಭೀಮಮ್ಮನ ಹೆಬ್ಬೆಟ್ಟು. ನನಗೆ ಕೇಂದ್ರದ ಬಗ್ಗೆ ಯಾವ ದೂರೂ ಇಲ್ಲ, ಮೇಡಂ ನನ್ನ ಭಾಷೆಯಲ್ಲಿ ಮಾತಾಡಿಸಿ ತಮಗೆ ಬೇಕಾದ್ದನ್ನು ತಾವೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು, ನನಗೆ ಓದಲು ಬರುವುದಿಲ್ಲ ಎಂದು ಇತ್ತು.

"ಅಕ್ಕ, ಇದನ್ನು ಫೈಲಿಗೆ ತಗೊಂಡುಬಿಡಿ," ಎಂದ. "ಸೈದಪ್ಪನವರದ್ದು ಮಂಗಳವಾರದಿಂದ ಮೊದಲಿನ ಹಾಗೆ ಕಲ್ಯಾಣದಲ್ಲೇ. ನಾನು ಮಾತು ಕೊಡ್ತೇನೆ."

"ನೀನೇ ಕಳಿಸಿದ್ದಲ್ವಾ ಅವರನ್ನು ಐರೋಲಿಗೆ?"

"ನಾನೆಂತ ಮಾಡ್ಲಿ ಅಕ್ಕ? ಮೇಲಿನವರು ಹೆಸರು ನೋಡಿದ್ರು. ಹೆಸರು ಕೊಟ್ಟದ್ದು ನಾನಲ್ಲವಲ್ಲ."

ಅವನ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಪುಂಡರೀಕಾಕ್ಷರು ಕಾಗದವನ್ನು ಎರಡು ಸಲ ಓದಿ ನನ್ನನ್ನು ಹೊರಗೆ ಕರೆದರು. "ಇದಕ್ಕೆ ನೀನು ಖಂಡಿಸಿ ಬರೀಬೇಕು ಜಯಲತಾ. ಸುಮ್ನೆ ತಗೊಂಡ್ರೆ ನೀನು ಹೇಳಿಕೆ ಸೃಷ್ಟಿ ಮಾಡಿದೆ ಅಂತ ಒಪ್ಪಿಕೊಂಡ ಹಾಗೆ. ನಿನ್ನ ಬಡ್ತಿ ಈ ವರ್ಷ ಇದೆ. ಅದನ್ನೂ ಯೋಚನೆ ಮಾಡು."

"ಖಂಡಿಸಿದರೆ ಆ ಹೆಂಗಸು ಸುಳ್ಳು ಹೇಳಿದಳು ಅಂತ ನಾನು ಬರೆದ ಹಾಗಾಗತ್ತೆ ಸರ್. ಅವರು ಮತ್ತೆ ಐರೋಲಿಗೇ ಹೋಗ್ತಾರೆ."

"ಅದು ನಮಗೆ ಸಂಬಂಧ ಇಲ್ಲದ್ದು." ಆಮೇಲೆ ಮೆಲ್ಲಗೆ, "ಸಂಬಂಧ ಇಲ್ಲ ಅಂತ ನಿಯಮದಲ್ಲಿದೆ. ನಾನು ಹೇಳೋದು ನಿಯಮ. ಮುಂದೆ ನಿನ್ನಿಷ್ಟ" ಎಂದರು.

ಒಳಗೆ ಹೋಗಿ ಕಾಗದದ ಅಂಚಿನಲ್ಲಿ ಬರೆದೆ: ಸ್ವೀಕರಿಸಿದೆ, ಮೊದಲಿನ ಹೇಳಿಕೆಯನ್ನು ಕೈಬಿಡಲಾಗಿದೆ. ಸಹಿ, ತಾರೀಖು. ಬೇರೇನೂ ಬರೆಯಲಿಲ್ಲ. ಮಯೂರ್ ಕೈಮುಗಿದ. ದೊಡ್ಡ ಮನಸ್ಸು ನಿಮ್ಮದು ಅಕ್ಕ ಎಂದ. ದೊಡ್ಡ ಮನಸ್ಸಿನ ಮಾತು ಅದಾಗಿರಲಿಲ್ಲ. ಐರೋಲಿಯ ಟ್ರೇನಿನಲ್ಲಿ ಸೈದಪ್ಪ ಸತ್ತರೆ ಆ ಸುದ್ದಿ ನನಗೆ ಯಾವ ಹೊತ್ತಿನಲ್ಲಿ ಮುಟ್ಟಬಹುದು ಎಂದು ನಾನು ಮೂರು ದಿನದಿಂದ ಲೆಕ್ಕ ಹಾಕುತ್ತಿದ್ದೆ. ಅನ್ನ ಬಡಿಸುವಾಗ, ಮಗಳ ಜಡೆ ಹೆಣೆಯುವಾಗ. ಆ ಲೆಕ್ಕ ನಿಲ್ಲಬೇಕಿತ್ತು.

ಮಂಗಳವಾರ ಸೈದಪ್ಪನಿಗೆ ಕಲ್ಯಾಣದಲ್ಲಿ ಯಂತ್ರ ಸಿಕ್ಕಿತು. ಬುಧವಾರ ನಾನು ಗಂಟೆಗಳ ಮೆಮೊ ಕಳಿಸಿದೆ. ಸಂಜೆ ಮಯೂರನ ಫೋನು.

"ಎಂತ ಅಕ್ಕ ಇದು? ನಾವು ಮಾತಾಡಿಕೊಂಡಿದ್ದೆವಲ್ಲ?"

"ಅದರಲ್ಲಿ ಯಾರ ಹೆಸರಿದೆ ತೋರಿಸು ಮಯೂರ್. ಯಾರನ್ನು ಐರೋಲಿಗೆ ಕಳಿಸ್ತೀ? ಹತ್ತು ಯಂತ್ರ ಇದೆ, ಹೊತ್ಕೊಂಡು ಹೋಗು."

ಫೋನ್ ಇಟ್ಟ ಮೇಲೆ ಹೊಳೆಯಿತು. ಹೆಸರಿಲ್ಲದಿದ್ದರೂ ಅವನಿಗೆ ಸಿಟ್ಟು ತೀರಿಸಿಕೊಳ್ಳಲು ಗೊತ್ತಿದ್ದದ್ದು ಒಂದೇ ಹೆಸರು. ಗುರುವಾರ ಅರ್ಧ ದಿನ ರಜೆ ಹಾಕಿ ಕಲ್ಯಾಣಕ್ಕೆ ಹೋದೆ. ಆಡಿಟ್ ಮಾಡುವವಳು ಹಾಗೆ ಹೋಗಬಾರದು. ಗಾಜಿನ ಬಾಗಿಲಿನಿಂದ ನೋಡಿದೆ. ನಾಲ್ಕನೇ ಯಂತ್ರದಲ್ಲಿ ಸೈದಪ್ಪ ಮಲಗಿದ್ದ, ನಿದ್ದೆ ಬಂದಿತ್ತು. ಮುಖದ ಬಾವು ಇಳಿದಿತ್ತು, ಕಾಲಿನದು ಇನ್ನೂ ಇಳಿದಿರಲಿಲ್ಲ.

ಭೀಮಮ್ಮ ಹೊರಗೆ ಔಷಧಿ ಅಂಗಡಿಯ ಸಾಲಿನಲ್ಲಿದ್ದಳು. ನನ್ನನ್ನು ಕಂಡು ಮೊದಲು ಕೇಂದ್ರದ ಕಿಟಕಿಗಳ ಕಡೆ ನೋಡಿದಳು.

"ಆ ಕಾಗದದಾಗ ನಿಮ್ಮ ಮ್ಯಾಲ ಏನೋ ಬರಸ್ಯಾರಂತ," ಎಂದಳು ತಗ್ಗಿದ ದನಿಯಲ್ಲಿ. "ನನಗ ಓದಾಕ ಬರಂಗಿಲ್ಲ. ಒತ್ತಂದ್ರು, ಒತ್ತಿದೆ. ನೀವೂ ಒತ್ತಂದಿದ್ರಿ, ಒತ್ತಿದ್ದೆ."

"ತಪ್ಪು ನನ್ನದೇ, ಭೀಮಮ್ಮ."

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು, ಅವಳೂ ಹೋದಳು. ಆಮೇಲೆ ಹಿಂದೆ ತಿರುಗಿ ಕೇಳಿದಳು.

"ಅದಿರ್ಲಿ. ಆ ಮೂರನೇದ್ದು, ಶನಿವಾರದ್ದು, ಯಾವಾಗ ಕೊಡತಾರ್ರಿ?"

ಕಂಪನಿ ಉತ್ತರ ಕೊಡಲು ನಾಲ್ಕು ವಾರ. ಆಮೇಲೆ ಕರಡು, ಮುಖ್ಯ ಕಚೇರಿ, ಮತ್ತೆ ಉತ್ತರ, ವರದಿಯ ಮುದ್ರಣ, ವಿಧಾನಸಭೆ, ಸಮಿತಿ. ಅಷ್ಟನ್ನೂ ಅವಳಿಗೆ ಹೇಳಲು ಹೊರಟೆ. ಅರ್ಧಕ್ಕೆ ಬರುವಷ್ಟರಲ್ಲಿ ಅವಳು ನನ್ನ ಮಾತನ್ನು ಬಿಟ್ಟು ಮುಖವನ್ನಷ್ಟೇ ನೋಡುತ್ತಿದ್ದಳು.

"ಬರೋ ವರ್ಷ ಆಗಬಹುದು. ಅಥವಾ ಅದರ ಮುಂದಿನ ವರ್ಷ," ಎಂದು ಮುಗಿಸಿದೆ.

ಅವಳು ಔಷಧಿಯ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು.

"ಹಂಗಾರ ಈ ಶನಿವಾರ ಇಲ್ಲ."

"ಇಲ್ಲ," ಎಂದೆ.