ಊರಿನ ಸಿಮ್

ಗಲ್ಫಿಗೆ ಹೋದ ಗಂಡಸಿಗೆ ಎರಡು ಫೋನ್ ನಂಬರ್ ಇರುತ್ತವೆ. ಒಂದು ಅಲ್ಲಿಯದು, ಒಂದು ಊರಿನದು. ಊರಿನ ಸಿಮ್ಮನ್ನು ಹಳೆಯ ಬಟನ್ ಫೋನಿಗೆ ಹಾಕಿ, ವಿಮಾನ ಹತ್ತುವ ಮೊದಲು ತಾಯಿಯ ಕೈಗೆ ಕೊಟ್ಟು ಹೋಗುವುದು ಬೋಳಾರದ ಎಷ್ಟೋ ಮನೆಗಳ ಪದ್ಧತಿ. ಬ್ಯಾಂಕು, ಗ್ಯಾಸು, ಮಕ್ಕಳ ಶಾಲೆ ಎಲ್ಲದಕ್ಕೂ ಅದೇ ನಂಬರು. ಹೆಂಗಸರ ನಂಬರನ್ನು ಕಂಡಕಂಡ ಆಫೀಸಿನಲ್ಲಿ ಬರೆಸುವುದು ಮರ್ಯಾದೆಯಲ್ಲ ಎಂಬುದು ಹಿರಿಯರ ಲೆಕ್ಕ. ಶಮೀಮಾಳ ಆಧಾರ್ ಕಾರ್ಡಿಗೂ ಹಾಗೆಯೇ ಗಂಡ ಇಮ್ತಿಯಾಝನ ಊರಿನ ನಂಬರನ್ನೇ ಜೋಡಿಸಿದ್ದರು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ. ಶಮೀಮಾಳಿಗೂ ಹೊಳೆಯಲಿಲ್ಲ.

ಕೊರೊನಾದ ಎರಡನೆಯ ಅಲೆಯಲ್ಲಿ ಇಮ್ತಿಯಾಝ್ ದಮ್ಮಾಮಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಮಣ್ಣೂ ಅಲ್ಲೇ ಆಯಿತು. ಅವನ ರೂಮಿನಲ್ಲಿದ್ದ ಗೆಳೆಯ ಅರಾಫತ್ ಮರಣಪತ್ರವೂ ಸೇರಿ ಒಂದಷ್ಟು ಕಾಗದಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದ. ಹನ್ನೆರಡು ವರ್ಷದ ಸಂಸಾರ ಹಾಗೆ ಫೋನಿನಲ್ಲೇ ಮುಗಿದುಹೋಯಿತು. ಶಮೀಮಾ ಮಗಳು ಸಫಾಳನ್ನು ಹತ್ತಿರ ಕೂರಿಸಿಕೊಂಡು, ಬೋಳಾರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬಿಳಿ ಬಟ್ಟೆ ಉಟ್ಟು ಇದ್ದತ್ತು ಕುಳಿತಳು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇರಬೇಕಾದ ಕಾಲ ಅದು. ದಾಟುತ್ತೇನೆ ಎಂದಿದ್ದರೂ ಎಲ್ಲಿಗೆ ದಾಟುವುದು? ನಾಲ್ಕು ಮನೆಗೆ ಕೊರೊನಾ ಬಂದು ಓಣಿಯ ಬಾಯಿಗೆ ಅಡ್ಡ ಬಿದಿರು ಕಟ್ಟಿದ್ದರು. ಬಿದಿರಿನ ಆಚೆ ಲಾಕ್‌ಡೌನು, ಪೊಲೀಸರ ಲಾಠಿ. ಒಂದು ಬೀಗ ತೆರೆದರೆ ಮುಂದೆ ಇನ್ನೊಂದು ಬೀಗ.

ಇಷ್ಟು ಸಾಲದೆಂಬಂತೆ ಇನ್ನೂ ಒಂದಿತ್ತು. ಇಮ್ತಿಯಾಝ್ ಸತ್ತದ್ದು ಅವನ ತಾಯಿ ಅಲೀಮಮ್ಮನಿಗೆ ಗೊತ್ತಿರಲಿಲ್ಲ.

ಅಲೀಮಮ್ಮ ಇದ್ದದ್ದು ದೇರೆಬೈಲಿನಲ್ಲಿ, ಕಿರಿಯ ಮಗ ಶಾಹುಲನ ಮನೆಯಲ್ಲಿ. ಸುದ್ದಿ ಬಂದ ವಾರವೇ ಅವರಿಗೂ ಜ್ವರ ಹಿಡಿದಿತ್ತು. ಕೊರೊನಾ ಎಂದು ಗೊತ್ತಾದದ್ದೇ ತಡ, ಮಗನಿಗೆ ಹತ್ತದಿರಲಿ ಎಂದು ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡವರು ತಟ್ಟೆ ಎತ್ತಿಕೊಳ್ಳಲು ಬಿಟ್ಟು ಬಾಗಿಲು ತೆರೆಯುತ್ತಿರಲಿಲ್ಲ. ಆಕ್ಸಿಜನ್ ಏರಿಳಿಯುತ್ತಿದೆ, ಆಘಾತವಾಗುವಂಥ ಮಾತು ಬೇಡ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಜ್ವರ ಇಳಿಯಲಿ, ಆಮೇಲೆ ಹೇಳುವ ಎಂದು ಶಾಹುಲ್ ತೀರ್ಮಾನಿಸಿದ. ಅಣ್ಣ ಅಲ್ಲಿ ಕ್ವಾರಂಟೈನಿನಲ್ಲಿದ್ದಾನೆ, ಫೋನ್ ತೆಗೆದಿಟ್ಟಿದ್ದಾರೆ ಎಂದು ಕಥೆ ಕಟ್ಟಿದ. ಸುಳ್ಳು ಹೇಳುವವನಿಗೆ ಇಷ್ಟು ಅನುಕೂಲದ ಕಾಲ ಹಿಂದೆಂದೂ ಬಂದಿರಲಿಕ್ಕಿಲ್ಲ. ಯಾರೂ ಯಾರ ಮನೆಗೂ ಹೋಗುವಂತಿಲ್ಲ, ಯಾರ ಮುಖವೂ ಯಾರಿಗೂ ಕಾಣುವುದಿಲ್ಲ.

ಅಲೀಮಮ್ಮ ದಿನಾ ಶಮೀಮಾಳಿಗೆ ಫೋನ್ ಮಾಡುತ್ತಿದ್ದರು. ಸೊಸೆಯನ್ನೂ ಅವರು ಮೋಳೆ, ಮಗಳೇ, ಎಂದೇ ಕರೆಯುವುದು. "ಇಮ್ತಿ ಫೋನ್ ಮಾಡಿದನಾ ಮೋಳೆ?" "ಇಲ್ಲ ಮಾಮಿ." "ಮಾಡ್ತಾನೆ. ನೀನು ಅಳಬೇಡ." ಫೋನಿಟ್ಟ ಮೇಲೆ ಶಮೀಮಾ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ಅವನಿಗಾಗಿ ತನ್ನಷ್ಟೇ ಅಳಬಲ್ಲ ಜೀವ ಈ ಲೋಕದಲ್ಲಿ ಇನ್ನೊಂದಿದ್ದರೆ ಅದು ಅಲೀಮಮ್ಮ. ಅವರ ಎದುರಿಗೇ ಬಾಯಿ ಕಟ್ಟಿಕೊಂಡಿರಬೇಕಾಗಿತ್ತು. ಗಂಡ ಹೋದ ದುಃಖಕ್ಕಿಂತ ಈ ಒಂಟಿತನವೇ ಅವಳನ್ನು ಹೆಚ್ಚು ಅರೆಯುತ್ತಿತ್ತು.

ಹೊಟ್ಟೆಗೆ ಮಾತ್ರ ದುಃಖದ ಗೊಡವೆಯಿಲ್ಲ. ಬೀಡಿ ಕಟ್ಟೋಣವೆಂದರೆ ಎಲೆ ಬರುವುದೇ ನಿಂತಿತ್ತು. ಶಾಹುಲನ ಚಪ್ಪಲಿ ಅಂಗಡಿಯ ಶಟರ್ ಇಳಿದು ತಿಂಗಳಾಗಿತ್ತು. ಅವನು ಅಕ್ಕಿ ಕಳುಹಿಸುತ್ತಿದ್ದ, ಆದರೆ ಅವನ ಮನೆಯ ಡಬ್ಬಗಳೂ ತಳ ಕಾಣುತ್ತಿದ್ದವು. ಉಳಿದದ್ದು ಸರ್ಕಾರದ ವಿಧವಾ ವೇತನ. ಆಫೀಸಿಗೆ ಬರಬೇಕಾಗಿಲ್ಲ, ಎಲ್ಲವೂ ಮೊಬೈಲಿನಲ್ಲೇ ಎಂದು ಸರ್ಕಾರ ಡಂಗುರ ಹೊಡೆಯುತ್ತಿತ್ತು. ಶಮೀಮಾ ಪಿಯುಸಿ ಓದಿದವಳು. ಅರ್ಜಿ ತುಂಬಿದಳು, ಅರಾಫತ್ ಕಳುಹಿಸಿದ ಕಾಗದ ಸೇರಿಸಿದಳು. ಕೊನೆಯ ಗುಂಡಿ ಒತ್ತಿದಾಗ, ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಹೋಗಿದೆ, ಹತ್ತು ನಿಮಿಷದೊಳಗೆ ನಮೂದಿಸಿ ಎಂದು ಬಂತು. ಆ ಸಿಮ್ ಇದ್ದ ಬಟನ್ ಫೋನು ಇದ್ದದ್ದು ಅಲೀಮಮ್ಮನ ಹತ್ತಿರ. ಒಟಿಪಿ ಹೋದದ್ದು ದೇರೆಬೈಲಿಗೆ, ಚಿಲಕ ಹಾಕಿದ ಕೋಣೆಯೊಳಕ್ಕೆ.

ಸಹಾಯವಾಣಿಗೆ ಫೋನ್ ಹಚ್ಚಿದಳು. ಹಾಡು ಕೇಳಿ ಕೇಳಿ ಕಿವಿ ಸೋತ ಮೇಲೆ ಒಬ್ಬಳು ಹುಡುಗಿ ಸಿಕ್ಕಿದಳು.

"ಆ ನಂಬರ್ ಯಾರದ್ದು ಮೇಡಂ?"

"ನನ್ನ ಗಂಡನದ್ದು."

"ಹಾಗಾದ್ರೆ ಅವರ ಹತ್ರ ಕೇಳಿ ಹಾಕಿ."

"ಅವರೇ ತೀರಿಹೋದದ್ದು. ಅದಕ್ಕೇ ಅರ್ಜಿ ಹಾಕುವುದು."

ಆ ಕಡೆ ಹುಡುಗಿ ಕಾಗದ ಮಗುಚುವ ಸದ್ದಾಯಿತು. ಪಾಪ, ಅವಳ ಕಾಗದದಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ. "ಹಾಗಾದ್ರೆ ನಂಬರ್ ಬದಲಾಯಿಸ್ಬೇಕು ಮೇಡಂ. ಅದಕ್ಕೆ ನೀವೇ ಸೆಂಟರಿಗೆ ಹೋಗ್ಬೇಕು, ಬೆರಳಚ್ಚು ಕೊಡ್ಲಿಕ್ಕೆ."

"ಸೆಂಟರ್ ಬಂದ್ ಉಂಟಲ್ಲ."

"ಹೌದು. ಲಾಕ್‌ಡೌನ್ ಮುಗಿದ ಮೇಲೆ. ಆದ್ರೆ ಅರ್ಜಿ ಈ ತಿಂಗಳ ಒಳಗೆ ಹಾಕಿದ್ರೆ ಮಾತ್ರ ಈ ಸಲದ್ದಕ್ಕೆ ಸೇರ್ತದೆ. ಇಲ್ಲದಿದ್ರೆ ಮುಂದೆ ಯಾವಾಗ ಅಂತ ನಮಗೂ ಗೊತ್ತಿಲ್ಲ." ಆಮೇಲೆ ಆ ಹುಡುಗಿ, "ಸಾರಿ ಮೇಡಂ" ಎಂದಳು. ಯಾತಕ್ಕೆ ಸಾರಿ ಎಂದು ಅವಳಿಗೂ ಗೊತ್ತಿದ್ದಿರಲಾರದು.

ಶಮೀಮಾ ಧೈರ್ಯ ಮಾಡಿ ಇನ್ನೊಮ್ಮೆ ಒಟಿಪಿಯ ಗುಂಡಿ ಒತ್ತಿ, ಅತ್ತೆಗೆ ಫೋನ್ ಮಾಡಿದಳು.

"ಮಾಮಿ, ಈಗ ನಿಮ್ಮ ಫೋನಿಗೆ ಒಂದು ಮೆಸೇಜ್ ಬಂದಿರ್ಬೇಕು."

"ಬಂತು ಮೋಳೆ! ಟಿಣ್ ಅಂತ ಶಬ್ದ ಆಯ್ತು. ಇಮ್ತಿಯದ್ದಾ?"

"ಅಲ್ಲ ಮಾಮಿ, ಸರ್ಕಾರದ್ದು. ಅದರಲ್ಲಿ ಒಂದು ನಂಬರ್ ಉಂಟು. ಓದಿ ಹೇಳ್ತೀರಾ? ರೇಷನಿಗೆ ಬೇಕಿತ್ತು."

ಅಲೀಮಮ್ಮನಿಗೆ ಅಕ್ಷರ ಬಾರದಿದ್ದರೂ ಅಂಕಿ ಚೆನ್ನಾಗಿ ಬರುತ್ತಿತ್ತು. ಆದರೆ ಅವರು ಅಂಕಿ ಹೇಳಲಿಲ್ಲ. "ಅದೊಂದು ಮಾತ್ರ ಕೇಳ್ಬೇಡ ಮೋಳೆ. ಅವ ನನ್ನ ಹತ್ರ ಆಣೆ ಹಾಕಿಸಿದ್ದಾನೆ."

ಹಿಂದೊಮ್ಮೆ ಬ್ಯಾಂಕಿನ ಮ್ಯಾನೇಜರ್ ಎಂದು ಹೇಳಿಕೊಂಡ ಯಾವನೋ ಅಲೀಮಮ್ಮನಿಂದ ಇಂಥದೇ ನಂಬರ್ ಕೇಳಿ, ಇಮ್ತಿಯಾಝನ ಖಾತೆಯನ್ನು ಗುಡಿಸಿ ಹಾಕಿದ್ದ. ಅಂದಿನಿಂದ ಇಮ್ತಿಯಾಝ್ ಪ್ರತಿ ಶುಕ್ರವಾರ ಫೋನಿಡುವ ಮೊದಲು ತಾಯಿಗೆ ಪಾಠ ಒಪ್ಪಿಸಲು ಹೇಳುತ್ತಿದ್ದ. "ನಂಬರ್ ಯಾರಿಗೆ ಕೊಡುವುದು ಉಮ್ಮಾ?" "ನಿನಗೆ ಮಾತ್ರ." "ಶಾಹುಲ್ ಕೇಳಿದ್ರೆ?" "ಕೊಡುವುದಿಲ್ಲ." "ಶಮೀ ಕೇಳಿದ್ರೆ?" "ಕೊಡುವುದಿಲ್ಲ." ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನಿನ್ನ ಮೇಲೆ ಸಂಶಯ ಅಲ್ಲ ಮೋಳೆ," ಎಂದರು ಅಲೀಮಮ್ಮ. "ನಿನ್ನ ಹಾಗೆಯೇ ಸ್ವರ ಮಾಡಿ ಬೇರೆ ಯಾರಾದರೂ ಕೇಳಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಅವ ಫೋನ್ ಮಾಡ್ಲಿ. ಅವನಿಗೆ ಹೇಳ್ತೇನೆ, ಅವ ನಿನಗೆ ಹೇಳ್ಲಿ."

ಶಾಹುಲ್ ಬಾಗಿಲ ಹೊರಗೆ ನಿಂತು, ಫೋನನ್ನು ತಟ್ಟೆಯ ಜೊತೆ ಹೊರಗಿಡು ಎಂದು ಬೇಡಿಕೊಂಡ. ನಾನು ಮುಟ್ಟಿದ ವಸ್ತು, ನಿನಗೆ ರೋಗ ಹತ್ತಿಸಲಾ ಎಂದು ಒಳಗಿನಿಂದ ಬೈಸಿಕೊಂಡದ್ದಷ್ಟೇ ಬಂತು. ಶಮೀಮಾ ಇತ್ತ ವೆಬ್‌ಸೈಟಿನಲ್ಲಿ ಬೇರೆ ದಾರಿ ಹುಡುಕಿದಳು, ಸಹಾಯವಾಣಿಯ ಹಾಡನ್ನು ಮತ್ತೆ ಮತ್ತೆ ಕೇಳಿದಳು. ತಿಂಗಳು ಮುಗಿಯುತ್ತ ಬಂತು. ಆಗ ಶಾಹುಲ್ ಫೋನ್ ಮಾಡಿ ತಡವರಿಸಿಕೊಂಡು ಹೇಳಿದ.

"ಅತ್ತಿಗೆ, ನನ್ನ ಸ್ವರವೂ ಅಣ್ಣನ ಸ್ವರವೂ ಒಂದೇ ಹಾಗೆ ಅಂತ ಎಲ್ಲರೂ ಹೇಳ್ತಾರಲ್ಲ..."

ಶಮೀಮಾಳಿಗೆ ಅರ್ಥವಾಯಿತು. "ಛೀ! ಅಂಥದ್ದು ಬೇಡ ಶಾಹುಲ್."

"ನಂಗೆ ಮಾತ್ರ ಖುಷಿಯಾ? ಬೇರೆ ಎಂತ ಮಾಡುವುದು, ನೀವೇ ಹೇಳಿ. ಸತ್ಯ ಹೇಳಿಬಿಡುವುದಾ? ಉಮ್ಮನಿಗೆ ಏನಾದರೂ ಆದರೆ ಆಸ್ಪತ್ರೆಯಲ್ಲಿ ಬೆಡ್ ಇಲ್ಲ ಮಾರಾಯ್ರೆ!"

ಅಡಿಗೆಮನೆಯಲ್ಲಿ ಸಫಾ, ಗಂಜಿಗೆ ಚಟ್ನಿ ಇಲ್ಲದಿದ್ದರೂ ಪರವಾಗಿಲ್ಲ ಎಂದು ದೊಡ್ಡವರಂತೆ ಹೇಳಿದ್ದು ಬೆಳಿಗ್ಗೆಯೇ. ಆ ಮಾತು ಶಮೀಮಾಳ ಎದೆಗೆ ಚುಚ್ಚಿಕೊಂಡು ಕುಳಿತಿತ್ತು. ತಿಂಗಳ ಕೊನೆಯ ದಿನ ಅವಳು ಹೂಂ ಎಂದಳು.

ಸಫಾಳನ್ನು ಬಚ್ಚಲಿಗೆ ಕಳುಹಿಸಿ, ನಲ್ಲಿ ಜೋರಾಗಿ ಬಿಟ್ಟು ಮೀಯಲು ಹೇಳಿದಳು. ಆ ಸ್ವರ ಮಗುವಿನ ಕಿವಿಗೆ ಬೀಳಬಾರದಿತ್ತು. ಶಾಹುಲ್ ತನ್ನ ನಂಬರನ್ನು ತಾಯಿ ಗುರುತಿಸಬಾರದೆಂದು ನೆರೆಮನೆಯವರ ಫೋನು ಹಿಡಿದು ತಾರಸಿಗೆ ಹೋದ. ಕೆಳಗಿನ ಕೋಣೆಯ ಕಿಟಕಿಗೆ ಕೇಳಿಸದಂತೆ ನೀರಿನ ಟಾಂಕಿಯ ಹಿಂದೆ ಕುಳಿತು, ಮೊದಲು ಶಮೀಮಾಳನ್ನು, ಆಮೇಲೆ ತಾಯಿಯನ್ನು ಒಂದೇ ಕರೆಗೆ ಸೇರಿಸಿದ. ಎರಡು ಆಳು ಎತ್ತರದ ಕೆಳಗಿದ್ದ ತಾಯಿಗೆ ಅವನು ದಮ್ಮಾಮಿನಿಂದ ಮಾತಾಡಬೇಕಿತ್ತು. ಶಮೀಮಾ ಒಟಿಪಿಯ ಗುಂಡಿ ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿದಳು.

"ಉಮ್ಮಾ, ನಾನು ಇಮ್ತಿ."

ಶಮೀಮಾ ಫೋನಿನತ್ತ ಬಾಗಿದಳು. ಅವನೇ. ಹಾಗೆಯೇ ಎಳೆದು ಉಮ್ಮಾ ಎನ್ನುತ್ತಿದ್ದ. ಬಂದುಬಿಟ್ಟಿರಾ ಎಂದು ಕೂಗಿಬಿಡುವಷ್ಟು ಅವಳಿಗೆ ಆಸೆಯಾಯಿತು, ಆ ಆಸೆಯ ಮೇಲೆ ಅಷ್ಟೇ ಅಸಹ್ಯವಾಯಿತು.

"ಮೋನೇ..." ಎಂದರು ಅಲೀಮಮ್ಮ. ಕೆಮ್ಮಿದರು. "ಮೋನೇ, ನೀನಾ?"

"ನಾನೇ ಉಮ್ಮಾ. ಹೆಚ್ಚು ಮಾತಾಡ್ಲಿಕ್ಕೆ ಬಿಡುವುದಿಲ್ಲ ಇಲ್ಲಿ. ಈಗ ಒಂದು ಮೆಸೇಜ್ ಬಂತಲ್ಲ, ಅದರ ನಂಬರ್ ಹೇಳು."

"ಹೇಳ್ತೇನೆ. ಕನ್ನಡಕ ಎಲ್ಲಿಟ್ಟೆ... ಇರು. ಆರು. ಜ್ವರ ಇಳಿಯಿತಾ ನಿನಗೆ?"

"ಇಳಿದಿದೆ. ಆರು, ಮತ್ತೆ?"

"ಸೊನ್ನೆ. ಊಟ ಎಂತ ಕೊಡ್ತಾರೆ? ಮೀನು ಉಂಟಾ?"

"ಉಂಟು ಉಮ್ಮಾ. ಮುಂದಿನದ್ದು ಹೇಳು."

ಒಂದೊಂದು ಅಂಕಿಗೆ ಒಂದೊಂದು ಪ್ರಶ್ನೆ. ನಿದ್ದೆ ಬರುತ್ತದಾ, ಹೊದಿಕೆ ಉಂಟಾ, ನಮಾಝಿಗೆ ಜಾಗ ಉಂಟಾ. ಮಗನನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲು ಆ ತಾಯಿಯ ಹತ್ತಿರ ಇದ್ದದ್ದು ಆ ಅಂಕಿಗಳಷ್ಟೇ, ಅವನ್ನು ಅವರು ಜೀವ ಹೋದರೂ ಬೇಗ ಖರ್ಚು ಮಾಡುವವರಲ್ಲ. ಶಮೀಮಾ ಒಂದೊಂದನ್ನೇ ಒತ್ತಿದಳು. ಕಣ್ಣು ಮಂಜಾಗಿ ಒಂದು ತಪ್ಪಾಯಿತು, ಅಳಿಸಿ ಮತ್ತೆ ಒತ್ತಿದಳು. ಕೊನೆಯದೊಂದು ಉಳಿಯಿತು.

"ಕೊನೆಯದ್ದು ಉಮ್ಮಾ?"

"ಊರಿಗೆ ಬರ್ತೇನೆ ಅಂತ ಹೇಳು, ಆಮೇಲೆ ಹೇಳ್ತೇನೆ."

ತಾರಸಿಯಲ್ಲಿ ಕಾಗೆಯೊಂದು ಕೂಗಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಶಾಹುಲನ ಉಸಿರು ಒಡೆಯುತ್ತಿತ್ತು. ಬೇಡ, ಇದಕ್ಕೆ ಮಾತ್ರ ಹೂಂ ಎನ್ನಬೇಡ ಎಂದು ಶಮೀಮಾ ಮನಸ್ಸಿನಲ್ಲೇ ಕೈ ಮುಗಿದಳು. ಸಮಯ ಮುಗಿಯುತ್ತ ಬಂದಿತ್ತು.

"ಬರ್ತೇನೆ ಉಮ್ಮಾ," ಎಂದ ಶಾಹುಲ್.

"ಎಂಟು," ಎಂದರು ಅಲೀಮಮ್ಮ.

ಕರೆ ಕಡಿಯಿತು. ಶಮೀಮಾ ಎಂಟು ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ, ನಿಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ ಎಂದು ಹಸಿರು ಅಕ್ಷರ ಮೂಡಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ದಾಖಲೆ ಪರಿಶೀಲನೆಗೂ ಮಂಜೂರಾತಿಗೂ ಇದೇ ಮೊಬೈಲಿಗೆ ಒಟಿಪಿ ಬರುತ್ತದೆ. ಸರ್ಕಾರ ಇಮ್ತಿಯಾಝನನ್ನು ಸತ್ತವನೆಂದು ಒಪ್ಪುವವರೆಗೆ ಅವನು ಬದುಕಿರಬೇಕು, ಮತ್ತೆ ಮತ್ತೆ ತಾಯಿಗೆ ಫೋನ್ ಮಾಡಬೇಕು. ಶಮೀಮಾಳಿಗೆ ಗೆದ್ದೆ ಎಂದೂ ಅನ್ನಿಸಲಿಲ್ಲ, ಬದುಕಿಕೊಂಡೆ ಎಂದೂ ಅನ್ನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಅಲೀಮಮ್ಮ.

"ಇಮ್ತಿ ಫೋನ್ ಮಾಡಿದ್ದ ಮೋಳೆ."

"ಹೌದಾ ಮಾಮಿ?" ಎಂದಳು ಶಮೀಮಾ. ತನ್ನ ಸ್ವರ ತನಗೇ ಕಳ್ಳಿಯೊಬ್ಬಳ ಸ್ವರದಂತೆ ಕೇಳಿಸಿತು.

"ನಂಬರ್ ಕೇಳಿದ, ಕೊಟ್ಟೆ. ಬರ್ತೇನೆ ಅಂತಲೂ ಹೇಳಿದ. ನಿನಗೆ ನಂಬರ್ ಸಿಕ್ಕಿತಾ?"

"ಸಿಕ್ಕಿತು ಮಾಮಿ. ಕೆಲಸ ಆಯ್ತು."

"ಒಳ್ಳೆಯದಾಯ್ತು. ನಿನಗೂ ಸಫಾಳಿಗೂ ಅದರಿಂದ ಊಟಕ್ಕೆ ಆಗ್ತದಲ್ಲ, ಅಷ್ಟು ಸಾಕು." ಅಲೀಮಮ್ಮ ತಡೆದರು. ಉಸಿರಾಡುವ ಸದ್ದು ಮಾತ್ರ ಕೇಳಿಸುತ್ತಿತ್ತು. "ಅವ ಸಫಾಳನ್ನು ಕೇಳ್ಲಿಲ್ಲ ಮೋಳೆ. ನನ್ನ ಹತ್ರ ಮಾತಾಡಿದ್ರೆ ಅವ ಮೊದಲು ಕೇಳುವುದು ಅವಳನ್ನೇ. ಇವತ್ತು ಕೇಳ್ಲೇ ಇಲ್ಲ."

ಬಚ್ಚಲಿನಲ್ಲಿ ನಲ್ಲಿ ಇನ್ನೂ ಸುರಿಯುತ್ತಿತ್ತು. ಏನಾದರೂ ಹೇಳಬೇಕಿತ್ತು.

"ದಣಿದಿರ್ತಾರೆ ಮಾಮಿ."

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಕೆಮ್ಮೂ ಇಲ್ಲ. ಕರೆ ಕಡಿಯಿತೇನೋ ಎಂದು ಶಮೀಮಾ ಪರದೆ ನೋಡಿಕೊಂಡಳು. ಕಡಿದಿರಲಿಲ್ಲ.

"ಹೌದು," ಎಂದರು ಅಲೀಮಮ್ಮ ಕೊನೆಗೆ, ತೀರ ಮೆಲ್ಲಗೆ. "ದಣಿದಿದ್ದಾನೆ. ಇನ್ನು ಮುಂದೆ ನಂಬರ್ ಬಂದ್ರೆ ನಾನೇ ನಿನಗೆ ಹೇಳ್ತೇನೆ ಮೋಳೆ. ಅದಕ್ಕೆ ಅವನನ್ನು ಎಬ್ಬಿಸುವುದು ಬೇಡ ಅಂತ ಶಾಹುಲನಿಗೂ ಹೇಳು. ಅವ ಮಲಗ್ಲಿ."

"ಆಯ್ತು ಮಾಮಿ," ಎಂದಳು ಶಮೀಮಾ.

ಮುಂದೆ ಇಬ್ಬರೂ ಮಾತಾಡಲಿಲ್ಲ. ಫೋನನ್ನೂ ಇಬ್ಬರೂ ಇಡಲಿಲ್ಲ.