ಎಂಟು ದೀಪ, ಒಂದೇ ಹೆಸರು

ನಿಶ್ಚಿತಾಳ ಹಠ ಎಂಥದ್ದೆಂದು ತಿಳಿಯಬೇಕಾದರೆ ಅವಳ ಗಂಡ ಯತಿರಾಜನನ್ನು ಕೇಳಬೇಕು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಅವರ ಮನೆಯ ಊಟದ ಮೇಜಿನ ಮೇಲೆ ಆ ತಿಂಗಳಿಡೀ ಊಟ ಮಾಡಿದವರೇ ಇಲ್ಲ. ತಟ್ಟೆ ಇಡುವ ಜಾಗದಲ್ಲೆಲ್ಲ ವೈರು, ರೆಸಿಸ್ಟರು, ಪುಟ್ಟ ಪುಟ್ಟ ದೀಪ, ಬಸ್ ಪಾಸಿನಷ್ಟು ಅಗಲದ, ಆರ್ಡುಯಿನೊ ಎಂಬ ಸರ್ಕ್ಯೂಟ್ ಬೋರ್ಡುಗಳು. ಪಾಪ, ಅವನು ಸೋಫಾದಲ್ಲಿ ಕೂತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಒಂದು ದಿನ ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡು, ಇದು ಮನೆಯೋ ಬೆಂಗಳೂರಿನ ಎಸ್.ಪಿ. ರೋಡೋ ಎಂದು ಗೊಣಗಿದ. ನಿಶ್ಚಿತಾ ತಲೆಯೆತ್ತಿ ನೋಡಲೂ ಇಲ್ಲ.

ಅವಳ ಕಣ್ಣೆಲ್ಲ ಹೆಬ್ಬೆರಳಿನಷ್ಟು ಉದ್ದದ ಒಂದು ಬ್ಲೂಟೂತ್ ಮಾಡ್ಯೂಲಿನ ಮೇಲಿತ್ತು. ಅಂಥ ಹತ್ತು ಚೀನಾದಿಂದ ಒಂದೇ ಚೀಲದಲ್ಲಿ ಬಂದಿದ್ದವು, ಅಗ್ಗದ ಸಾಮಾನು. ಫೋನು ಹೇಳಿದ್ದನ್ನು ಅಕ್ಷರ ಅಕ್ಷರವಾಗಿ ಬೋರ್ಡಿಗೆ ತಲುಪಿಸುವುದು, ಅಷ್ಟೇ ಅದರ ಕಸುಬು. ಫೋನಿನಲ್ಲಿ ಒಂದು ಒತ್ತಿದರೆ ಬೋರ್ಡಿನ ದೀಪ ಹತ್ತುತ್ತದೆ, ಸೊನ್ನೆ ಒತ್ತಿದರೆ ಆರುತ್ತದೆ. ನೋಡುವವರಿಗೆ ಮಕ್ಕಳಾಟ. ಆದರೆ ಈ ಮಕ್ಕಳಾಟದ ಮೇಲೆ ನಿಶ್ಚಿತಾಳ ಬದುಕು ನಿಂತಿತ್ತೆಂದರೆ ನೀವು ನಂಬಬೇಕು.

ಮಂಡ್ಯದ ಒಂದು ಪಾಲಿಟೆಕ್ನಿಕ್‌ನಲ್ಲಿ ಅವಳು ಒಂಬತ್ತು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವಳು. ಅಲ್ಲಿ ಕಾರಿಡಾರಿನಲ್ಲಿ ನಡೆದರೆ ಹತ್ತು ಕಡೆಯಿಂದ ‘ನಮಸ್ತೆ ನಿಶ್ಚಿತಾ ಮೇಡಂ’ ಕೇಳಿಸುತ್ತಿತ್ತು. ಗಂಡನ ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೆ ಆ ಹೆಸರೇ ಕಳೆದುಹೋಯಿತು. ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಹಿಂದೆ ಗಂಡನ ಹೆಸರಿತ್ತಲ್ಲ, ಇಲ್ಲಿನವರು ಅದನ್ನೇ ಮನೆತನದ ಹೆಸರು ಮಾಡಿಕೊಂಡರು. ಕರೆಗಂಟೆಯ ಮೇಲೆ ಯತಿರಾಜ್, ವಿಮೆಯ ಕಾರ್ಡಿನಲ್ಲಿ ಯತಿರಾಜ್. ಡಾಕ್ಟರ ಹತ್ತಿರ ಹೋದರೆ ‘ಫ್ರೌ ಯಾಟಿರಾಯ್’, ಅಂದರೆ ಶ್ರೀಮತಿ ಯತಿರಾಜ್, ಎಂದು ಕೂಗುತ್ತಿದ್ದರು. ಮೊದಮೊದಲು ಗಂಡನನ್ನೇ ಕರೆದರೆಂದು ಅವಳು ಕೂತೇ ಇರುತ್ತಿದ್ದಳು. ಆಮೇಲಾಮೇಲೆ ಅಭ್ಯಾಸವಾಯಿತು, ಕೂಗಿದ ಕೂಡಲೇ ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಊರಿನ ಫೋಕ್ಸ್‌ಹೋಕ್‌ಶೂಲೆಯಲ್ಲಿ, ಅಂದರೆ ದೊಡ್ಡವರು ಬಿಡುವಿನಲ್ಲಿ ಬಂದು ಕಲಿಯುವ ಶಾಲೆಯಲ್ಲಿ, ಶನಿವಾರದ ಹವ್ಯಾಸಿ ಎಲೆಕ್ಟ್ರಾನಿಕ್ಸ್ ತರಗತಿಗೆ ಒಬ್ಬ ಶಿಕ್ಷಕರು ಬೇಕೆಂದು ಪ್ರಕಟಣೆ ಬಂತು. ನಿಶ್ಚಿತಾ ಅರ್ಜಿ ಹಾಕಿದಳು. ಅಲ್ಲಿನ ವಿಭಾಗ ನೋಡಿಕೊಳ್ಳುವ ಫ್ರೌ ಕೆಸ್ಲರ್ ಎಂಬಾಕೆ ಸುತ್ತಿ ಬಳಸಿ ಮಾತಾಡುವವಳಲ್ಲ. ನಿಮ್ಮ ಅನುಭವ ಸಾಕು, ನಿಮ್ಮ ಜರ್ಮನ್ ಸಾಲದೇನೋ ಎಂದು ಫೋನಿನಲ್ಲೇ ಹೇಳಿಬಿಟ್ಟಳು. ಒಂದು ಪರೀಕ್ಷೆಯ ಪಾಠ ಮಾಡಿ, ಹೆಸರು ಕೊಟ್ಟಿರುವ ಎಂಟು ಜನ ಬರುತ್ತಾರೆ, ನಾನು ಹಿಂದೆ ಕೂತಿರುತ್ತೇನೆ, ಆಮೇಲೆ ನೋಡೋಣ ಎಂದಳು.

ಇತ್ತ ಯತಿರಾಜನ ಗೆಳೆಯ ರಾಕೇಶ್ ತನ್ನ ಕಂಪನಿಯಲ್ಲಿ ಅವಳಿಗೊಂದು ಕೆಲಸ ನೋಡಿದ್ದ. ಬಿಡಿಭಾಗಗಳ ನಂಬರುಗಳನ್ನು ಕಂಪ್ಯೂಟರಿಗೆ ಹಾಕುವುದು. ಬರುತ್ತೀರೋ ಇಲ್ಲವೋ ಸೋಮವಾರ ಹೇಳಿ ಎಂದಿದ್ದ.

‘ರಾಕೇಶ್ ಹೇಳಿರೋದು ಗ್ಯಾರಂಟಿ ಕೆಲ್ಸ ಕಣೇ. ಇದು ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ?’ ಎಂದ ಯತಿರಾಜ್. ಅವನು ಕೆಟ್ಟವನಲ್ಲ. ಹೆಂಡತಿ ಹತ್ತು ಜನರ ಮುಂದೆ ತಡವರಿಸುವುದನ್ನು ನೆನೆದೇ ಅವನಿಗೆ ಸಂಕಟವಾಗುತ್ತಿತ್ತು.

‘ಶನಿವಾರ ಆಗ್ಲಿ, ಹೇಳ್ತೀನಿ’ ಎಂದಳು. ಅವಳಿಗೆ ಬೇಕಾಗಿದ್ದದ್ದು ಬರೀ ಕೆಲಸವಲ್ಲ. ಮತ್ತೆ ಒಂದು ತರಗತಿಯ ಮುಂದೆ ನಿಲ್ಲಬೇಕಿತ್ತು, ಅಷ್ಟೇ. ಇದು ಕೈತಪ್ಪಿದರೆ ಇನ್ನೆಂದೂ ನಿಲ್ಲುವುದಿಲ್ಲ ಎಂದು ಅವಳ ಮನಸ್ಸಿಗೆ ಚೆನ್ನಾಗಿ ಗೊತ್ತಿತ್ತು.

ತಯಾರಿ ಎಂದರೆ ತಯಾರಿ. ಮಾಡ್ಯೂಲಿನ ಕೇಳಿಸಿಕೊಳ್ಳುವ ಕಾಲಿಗೆ, ಅಂದರೆ ಪಿನ್ನಿಗೆ, ಬೋರ್ಡಿನ ಐದು ವೋಲ್ಟ್ ನೇರವಾಗಿ ಕೊಡಬಾರದು, ಅದಕ್ಕೆ ಮೂರು ಚಿಲ್ಲರೆ ಸಾಕು. ಅವಸರದಲ್ಲಿ ಅದನ್ನು ಮರೆತು ಒಂದನ್ನು ಕೆಡಿಸಿ, ತನ್ನನ್ನೇ ಬೈದುಕೊಂಡು, ಉಳಿದವಕ್ಕೆಲ್ಲ ವೋಲ್ಟ್ ಇಳಿಸಲು ಎರಡೆರಡು ರೆಸಿಸ್ಟರು ಕಟ್ಟಿದಳು. ಫ್ರಿಜ್ಜಿನ ಮುಂದೆ ನಿಂತು ಇಡೀ ಪಾಠವನ್ನು ಜರ್ಮನ್‌ನಲ್ಲಿ ಒಪ್ಪಿಸಿದಳು. ಈ ಮಾಡ್ಯೂಲಿಗೂ ಐಫೋನಿಗೂ ಆಗಿಬರುವುದಿಲ್ಲ, ಬರುವವರಲ್ಲಿ ಅರ್ಧ ಜನ ಐಫೋನಿನವರೇ ಇರುತ್ತಾರೆ ಎಂದು ಲೆಕ್ಕ ಹಾಕಿ, ಮನೆಯ ಡ್ರಾಯರು ಬರಿದು ಮಾಡಿದಳು. ನಮ್ಮವರ ಮನೆಯಲ್ಲಿ ಹಳೆಯ ಫೋನು ಬಿಸಾಕುವ ಪದ್ಧತಿ ಎಲ್ಲಿದೆ ಹೇಳಿ? ಗಾಜು ಒಡೆದದ್ದು, ಬೆನ್ನು ಬಿಟ್ಟದ್ದು, ಇಲ್ಲಿನ ಕನ್ನಡ ಸಂಘದ ಗೆಳತಿಯರ ಡ್ರಾಯರಿನಿಂದ ಬಂದದ್ದು, ಎಲ್ಲ ಚಾರ್ಜಾಗಿ ಸಾಲಾಗಿ ಮಲಗಿದವು. ಒಂದೊಂದೇ ಮಾಡ್ಯೂಲನ್ನು ಒಂದೊಂದೇ ಫೋನಿಗೆ ಜೋಡಿಸಿ ನೋಡಿದಳು. ಎಲ್ಲ ದೀಪವೂ ಹತ್ತಿತು.

ಶನಿವಾರ ಬೆಳಿಗ್ಗೆ ಟ್ರಾಲಿ ಸೂಟ್‌ಕೇಸಿನಲ್ಲಿ ಅಷ್ಟನ್ನೂ ತುಂಬಿಕೊಂಡು ಟ್ರಾಮ್ ಹತ್ತಿದಳು. ಯತಿರಾಜ್ ಜೊತೆಗೆ ಬರುತ್ತೇನೆಂದ, ಮಾತು ಸಿಗದಿದ್ದರೆ ಹೇಳಿಕೊಡುತ್ತೇನೆಂದ. ಬೇಡ ಎಂದಳು.

ಪಾಠ ಚೆನ್ನಾಗಿಯೇ ಶುರುವಾಯಿತು. ಎಂಟು ಜನರಲ್ಲಿ ಮುಂದೆ ಕೂತವಳು ಫ್ರೌ ಹಾರ್ಟ್‌ಮನ್ ಎಂಬ ಮುದುಕಿ, ಬೆಳ್ಳಿ ಕೂದಲು, ನಡುಗುವ ಕೈ, ಕೈಯಲ್ಲಿ ಹೊಚ್ಚ ಹೊಸ ಐಫೋನು. ನಿಶ್ಚಿತಾ ಅವಳಿಗೆ ಒಂದು ಒಡಕು ಸ್ಯಾಮ್‌ಸಂಗ್ ಕೊಟ್ಟಳು. ಪಕ್ಕದಲ್ಲಿ ಪೊದೆ ಮೀಸೆಯ ಒಬ್ಬ ನಿವೃತ್ತ. ಉಳಿದವರು ಕೆಲಸಕ್ಕೆ ಹೋಗುವ ವಯಸ್ಸಿನವರು. ಎರಡು ರೆಸಿಸ್ಟರಿನ ವಿಷಯವನ್ನು ನಿಶ್ಚಿತಾ ನಿಧಾನವಾಗಿ, ಜರ್ಮನ್ ವ್ಯಾಕರಣ ಕೇಳುವಂತೆ ಕ್ರಿಯಾಪದವನ್ನು ಕೊನೆಗೆ ಜೋಪಾನವಾಗಿ ತಂದಿಟ್ಟು ಹೇಳಿದಳು. ಎಲ್ಲರಿಗೂ ಅರ್ಥವಾಯಿತು. ಹಿಂದಿನ ಸಾಲಿನಲ್ಲಿ ಫ್ರೌ ಕೆಸ್ಲರ್ ಏನೋ ಬರೆದುಕೊಳ್ಳುತ್ತಿದ್ದಳು.

ಈಗ ಎಲ್ಲರೂ ಬ್ಲೂಟೂತ್ ತೆರೆದು ನಿಮ್ಮ ಮಾಡ್ಯೂಲನ್ನು ಹುಡುಕಿ ಎಂದಳು ನಿಶ್ಚಿತಾ. ಅಲ್ಲಿಗೆ ಎಡವಟ್ಟು ಶುರುವಾಯಿತು. ಕಾರ್ಖಾನೆಯಿಂದ ಹೊರಟಾಗ ಪ್ರತಿಯೊಂದಕ್ಕೂ ಎಚ್‌ಸಿ-05 ಎಂದೇ ಹೆಸರು, ಎಲ್ಲಕ್ಕೂ 1234 ಎಂದೇ ಗುಟ್ಟಿನ ಅಂಕೆ. ಎಲ್ಲರ ಫೋನಿನಲ್ಲೂ ಅದೇ ಹೆಸರು ಸಾಲಾಗಿ ಬಂತು. ಯಾರಿಗೆ ಯಾವುದು ಸಿಕ್ಕಿತೋ ಅದನ್ನು ಒತ್ತಿದರು. ಮುದುಕಿ ಒಂದು ಒತ್ತಿದರೆ ಕಿಟಕಿ ಪಕ್ಕದವನ ದೀಪ ಹತ್ತಿತು. ಅವನು ಗಾಬರಿಯಾಗಿ ಸೊನ್ನೆ ಒತ್ತಿದ, ಮೀಸೆಯವನ ದೀಪ ಆರಿತು. ಮೀಸೆಯವನು ತನ್ನ ಬೋರ್ಡೇ ಕೆಟ್ಟಿದೆಯೆಂದು ವೈರು ಕೀಳತೊಡಗಿದ. ಒಬ್ಬರಿಗೊಬ್ಬರು ಮಾತಾಡಿ ಕೋಣೆಯೆಲ್ಲ ಗದ್ದಲವಾಯಿತು.

ಇಷ್ಟು ಓದಿದವಳಿಗೆ ಇದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯುವುದಾದರೂ ಹೇಗೆ? ಮಂಡ್ಯದಲ್ಲಿ ಹನ್ನೆರಡು ಮಕ್ಕಳ ಬ್ಯಾಚಿಗೆ ಇದ್ದದ್ದು ಒಂದೇ ಮಾಡ್ಯೂಲು. ಅದನ್ನು ಬೀರುವಿನಿಂದ ತೆಗೆದು, ಒಂದೇ ಮೇಜಿನ ಮೇಲಿಟ್ಟು, ಎಲ್ಲರನ್ನೂ ಸುತ್ತ ನಿಲ್ಲಿಸಿ ತೋರಿಸಿ, ಮತ್ತೆ ಬೀರುವಿಗೆ ಸೇರಿಸುತ್ತಿದ್ದಳು. ಒಂದೇ ಇದ್ದ ಮೇಲೆ ಅದಕ್ಕೆ ಹೆಸರು ಯಾಕೆ ಬೇಕು? ಎಂಟು ಜನರಿಗೆ ಎಂಟು ಎಂಬ ಸಿರಿವಂತಿಕೆಯನ್ನು ಅವಳು ಜನ್ಮದಲ್ಲಿ ಕಂಡವಳಲ್ಲ. ಮನೆಯಲ್ಲೂ ಹಳೆಯ ಅಭ್ಯಾಸದಂತೆ ಒಂದೊಂದನ್ನೇ ನೋಡಿದ್ದಳು, ಎಲ್ಲವನ್ನೂ ಒಟ್ಟಿಗೆ ಹಚ್ಚಿರಲಿಲ್ಲ.

ಏನೋ ಹೇಳಲು ಹೋದಳು. ಫ್ರಿಜ್ಜಿನ ಮುಂದೆ ಒಪ್ಪಿಸಿದ ಜರ್ಮನ್‌ನಲ್ಲಿ ಒಂದು ಪದವೂ ನಾಲಿಗೆಗೆ ಬರಲಿಲ್ಲ. ರಾಕೇಶನ ಕಂಪನಿಯ ನಂಬರುಗಳು ಕಣ್ಣ ಮುಂದೆ ಬಂದವು.

ಫ್ರೌ ಕೆಸ್ಲರ್ ಎದ್ದು ಮುಂದೆ ಬಂದಳು. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದಳು. ಎಲ್ಲವನ್ನೂ ಆರಿಸಿ, ನಿಮ್ಮದೊಂದರಲ್ಲೇ ಮಾಡಿ ತೋರಿಸಿದರೆ ಸಾಕಲ್ಲವೇ, ಉಳಿದವರು ನೋಡುತ್ತಾರೆ, ಹೊತ್ತೂ ಉಳಿಯುತ್ತದೆ ಎಂದಳು.

ಅದು ಸುಲಭದ ದಾರಿ. ಮರ್ಯಾದೆ ಉಳಿಯುವ ದಾರಿಯೂ ಹೌದು. ಆದರೆ ಆ ಮಾತು ಕೇಳಿದ್ದೇ ನಿಶ್ಚಿತಾಳಿಗೆ ಮಂಡ್ಯದ ಆ ಮೇಜು ನೆನಪಾಯಿತು. ಮುಂದೆ ನಿಂತ ಇಬ್ಬರು ಗುಂಡಿ ಒತ್ತುವುದು, ಹಿಂದಿನವರು ತುದಿಗಾಲಲ್ಲಿ ನಿಂತು ಇಣುಕುವುದು. ಮುನಿಲಕ್ಷ್ಮಿ ಎಂಬ ಕುಳ್ಳಗಿನ ಹುಡುಗಿಯೊಬ್ಬಳು ಮೂರು ವರ್ಷ ಡಿಪ್ಲೊಮಾ ಓದಿ, ಒಮ್ಮೆಯೂ ಆ ದೀಪ ತನ್ನ ಕೈಯಿಂದ ಹಚ್ಚದೇ ಪಾಸಾಗಿ ಹೋಗಿದ್ದಳು. ಅದು ನಿಶ್ಚಿತಾಳನ್ನು ಇವತ್ತಿಗೂ ಚುಚ್ಚುತ್ತಿತ್ತು. ಎಂಟು ಜನರಿಗೆ ಎಂಟನ್ನು ತಂದು, ಮತ್ತೆ ಅದೇ ಸುತ್ತ ನಿಲ್ಲಿಸುವ ಪಾಠ ಮಾಡುವುದಾದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಇಲ್ಲ ಎಂದಳು. ‘ನೈನ್’ ಎನ್ನುವುದಕ್ಕೆ ಹೆಚ್ಚು ಜರ್ಮನ್ ಬೇಕಾಗಲಿಲ್ಲ. ಆಮೇಲೆ ಗದ್ದಲದ ಕಡೆ ತಿರುಗಿದಳು, ಬಾಯಿಗೆ ಬಂದದ್ದು ಕನ್ನಡವೇ.

‘ಎಲ್ಲರೂ ಕೈ ತೆಗೀರಿ. ಪವರ್ ಆಫ್ ಮಾಡಿ. ಒಬ್ಬೊಬ್ಬರಾಗಿ ಬನ್ನಿ.’

ಪಾಲಿಟೆಕ್ನಿಕ್ ಲ್ಯಾಬಿನ ದನಿ ಅದು. ಭಾಷೆ ಯಾರಿಗೂ ತಿಳಿಯಲಿಲ್ಲ, ಆದರೆ ದನಿ ಎಲ್ಲರಿಗೂ ತಿಳಿಯಿತು. ಕೈಗಳು ಮೇಜಿನಿಂದ ಮೇಲೆದ್ದವು, ಮೀಸೆಯವನು ವೈರು ಬಿಟ್ಟು ಕೂತ. ಆ ನಿಶ್ಶಬ್ದದಲ್ಲಿ ಅವಳ ಜರ್ಮನ್ ಒಂದೊಂದೇ ಪದವಾಗಿ ಮರಳಿತು. ತಪ್ಪು ನನ್ನದು, ಬೋರ್ಡಿನದಲ್ಲ, ನಿಮ್ಮದೂ ಅಲ್ಲ ಎಂದಳು. ಎಲ್ಲಕ್ಕೂ ಒಂದೇ ಹೆಸರಿದೆ. ನಮ್ಮ ಕಡೆ ಹುಟ್ಟಿದ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಶಾಸ್ತ್ರ ಇದೆ, ಈಗ ಇವಕ್ಕೆ ಅದನ್ನು ಮಾಡೋಣ ಎಂದಳು.

ಮೊದಲು ಬಂದವಳು ಮುದುಕಿಯೇ. ಮಾಡ್ಯೂಲಿನ ಮೇಲೆ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದುಕೊಂಡೇ ಕರೆಂಟು ಕೊಟ್ಟರೆ, ಪಟಪಟನೆ ಮಿನುಗುವ ಅದರ ಕೆಂಪು ದೀಪ ನಿಧಾನವಾಗುತ್ತದೆ, ಆಗ ಅದು ನಾವು ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಮುದುಕಿಯ ನಡುಗುವ ಹೆಬ್ಬೆರಳು ಗುಂಡಿಯಿಂದ ಜಾರಿತು. ನಿಶ್ಚಿತಾ ತಾನು ಒತ್ತಲಿಲ್ಲ, ಇನ್ನೊಮ್ಮೆ ಎಂದಳು. ಮತ್ತೆ ಜಾರಿತು. ಇನ್ನೊಮ್ಮೆ. ಕೊನೆಗೆ ಕೆಂಪು ದೀಪ ನಿಧಾನವಾಯಿತು. ನಿಶ್ಚಿತಾ ಲ್ಯಾಪ್‌ಟಾಪಿನಲ್ಲಿ ಆಜ್ಞೆ ಬರೆದಳು, ಉತ್ತರವೇ ಬರಲಿಲ್ಲ. ಹಿಂದೆ ಯಾರೋ ಗಡಿಯಾರ ನೋಡಿಕೊಂಡರು. ನಿಶ್ಚಿತಾ ಹಲ್ಲು ಕಚ್ಚಿ ಯೋಚಿಸಿದಳು. ಹೆಸರಿಡುವಾಗ ಇದಕ್ಕೆ ಮಾತಿನ ವೇಗವೇ ಬೇರೆ. ವೇಗ ಬದಲಿಸಿದಳು, ತೆರೆಯ ಮೇಲೆ ‘ಓಕೆ’ ಬಂತು.

ಹೆಸರೇನಿಡೋಣ ಎಂದು ಕೇಳಿದರೆ, ಮುದುಕಿ ತೀರಿಹೋದ ತನ್ನ ನಾಯಿಯ ಹೆಸರು ಹೇಳಿದಳು. ಬಾಲ್ಡೊ. ಫೋನಿನಲ್ಲಿ ಹಳೆಯ ಜೋಡಿ ಅಳಿಸಿ ಹೊಸದಾಗಿ ಹುಡುಕಿದಾಗ ಬಾಲ್ಡೊ ಬಂತು. ಒಂದು ಒತ್ತಿದಳು. ಈ ಸಲ ಅವಳ ಮುಂದಿನ ದೀಪವೇ ಹತ್ತಿತು. ಅವಳು ಆರಿಸಿದಳು, ಮತ್ತೆ ಹಚ್ಚಿದಳು, ಮತ್ತೆ ಆರಿಸಿದಳು, ಸಾಕು ಎನ್ನುವವರೇ ಇರಲಿಲ್ಲ.

ಆಮೇಲೆ ಸಾಲು ನಿಂತಿತು. ಮೀಸೆಯವನು ಗಂಭೀರವಾಗಿ ತನ್ನ ಪೂರ್ತಿ ಹೆಸರು ಇಡಿಸಿದ. ಒಬ್ಬಳು ಮಗಳ ಹೆಸರು, ಒಬ್ಬ ತನ್ನ ಫುಟ್‌ಬಾಲ್ ತಂಡದ ಹೆಸರು. ಮೊದಲು ಕಲಿತವರು ಮುಂದಿನವರಿಗೆ ಗುಂಡಿ ಹಿಡಿಯುವುದನ್ನು ಹೇಳಿಕೊಟ್ಟರು. ನಿಶ್ಚಿತಾ ಹಾಜರಿ ಕೂಗುವಂತೆ ಒಬ್ಬೊಬ್ಬರ ಹೆಸರು ಕೂಗಿದಳು, ಕೂಗಿದವರ ದೀಪ ಹತ್ತಿತು. ಎಂಟನೆಯದೂ ಹತ್ತಿತು. ಅಷ್ಟರಲ್ಲಿ ಹೊತ್ತು ಮುಗಿದಿತ್ತು. ದೀಪದ ನಂತರ ಫೋನಿನಿಂದ ಪುಟ್ಟ ಫ್ಯಾನು ತಿರುಗಿಸುವ ಪಾಠವಿತ್ತು, ಅದು ಸೂಟ್‌ಕೇಸಿನಲ್ಲೇ ಉಳಿಯಿತು.

ಜನ ಹೋದ ಮೇಲೆ ಫ್ರೌ ಕೆಸ್ಲರ್ ತನ್ನ ಹಾಳೆ ಹಿಡಿದು ಬಂದಳು. ನೀವು ಹೇಳಿದ್ದರಲ್ಲಿ ಅರ್ಧ ಪಾಠವೂ ಆಗಲಿಲ್ಲ ಎಂದಳು.

ನಿಶ್ಚಿತಾ ಕ್ಷಮೆ ಕೇಳಲಿಲ್ಲ. ‘ಹೌದು. ಉಳಿದರ್ಧ ಮುಂದಿನ ಶನಿವಾರ’ ಎಂದಳು, ಒಂದೂ ತಪ್ಪಿಲ್ಲದ ಜರ್ಮನ್‌ನಲ್ಲಿ.

ಕೆಸ್ಲರ್ ಮೇಜಿನ ಮೇಲಿದ್ದ ನಿಶ್ಚಿತಾಳ ಸ್ವಂತ ಮಾಡ್ಯೂಲನ್ನು ತೋರಿಸಿ, ಇದಕ್ಕೆ ಇನ್ನೂ ಹಳೆಯ ಹೆಸರೇ ಇದೆಯಲ್ಲ ಎಂದಳು. ಜೇಬಿನಿಂದ ಆ ಕೋಣೆಯ ಕಪಾಟಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

‘ಸಾಮಾನು ಇಲ್ಲೇ ಇರಲಿ, ಪ್ರತಿ ವಾರ ಯಾಕೆ ಹೊರುತ್ತೀರಿ? ಆದರೆ ಈ ಕಪಾಟು ಬೇರೆ ತರಗತಿಯವರೂ ತೆಗೆಯುತ್ತಾರೆ. ಯಾರದೆಂದು ಗೊತ್ತಾಗಬೇಕು. ನಿಮ್ಮ ಹೆಸರಿಡಿ.’

ಗುಂಡಿಯನ್ನು ಕೆಸ್ಲರ್ ತಾನೇ ಒತ್ತಿ ಹಿಡಿದಳು. ಕೆಂಪು ದೀಪ ನಿಧಾನವಾಯಿತು. ನಿಶ್ಚಿತಾಳ ಬೆರಳು ಅಭ್ಯಾಸಬಲದಿಂದ ಯತಿರಾಜ್ ಎಂದು ಬರೆಯತೊಡಗಿತ್ತು. ನಿಲ್ಲಿಸಿದಳು. ಬರೆದದ್ದನ್ನು ಅಳಿಸಿ ನಿಶ್ಚಿತಾ ಎಂದು ಬರೆದಳು. ಓಕೆ ಎಂದಿತು ಮಾಡ್ಯೂಲು.

ಕೆಸ್ಲರ್ ಕನ್ನಡಕ ಸರಿಮಾಡಿಕೊಂಡು ಅದನ್ನು ಓದಲು ಹೋದಳು, ನಡುವಿನ ‘ಶ್ಚಿ’ಯಲ್ಲಿ ನಾಲಿಗೆ ಸಿಕ್ಕಿಕೊಂಡಿತು. ಪರವಾಗಿಲ್ಲ ಬಿಡಿ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಿದ್ದ ನಿಶ್ಚಿತಾ ಈಗ ಹಾಗೆನ್ನಲಿಲ್ಲ. ಇನ್ನೊಮ್ಮೆ ಎಂದಳು. ಕೆಸ್ಲರ್ ಇನ್ನೊಮ್ಮೆ ಹೇಳಿದಳು, ಮತ್ತೂ ಒಮ್ಮೆ ಹೇಳಿದಳು, ಸರಿಯಾಯಿತು.

ಫ್ಯಾನಿನ ಸಾಮಾನಷ್ಟೇ ಉಳಿದಿದ್ದ ಸೂಟ್‌ಕೇಸು ಎಳೆದುಕೊಂಡು ಟ್ರಾಮ್ ನಿಲ್ದಾಣಕ್ಕೆ ಬಂದ ಮೇಲೆ ನಿಶ್ಚಿತಾ ಮನೆಗೆ ಫೋನ್ ಮಾಡಿದಳು. ಯತಿರಾಜ್ ಒಂದೇ ರಿಂಗಿಗೆ ಎತ್ತಿಕೊಂಡ, ಏನಾಯಿತು ಎಂದು ಕೇಳಲೂ ಅವನಿಗೆ ಭಯ.

‘ರಾಕೇಶ್‌ಗೆ ಇವತ್ತೇ ಹೇಳ್ಬಿಡು, ನಾನು ಬರಲ್ಲ ಅಂತ’ ಎಂದಳು. ‘ಸೋಮವಾರದ ತನಕ ಯಾಕೆ ಅವನನ್ನ ಕಾಯಿಸೋದು. ಮತ್ತೆ ಊಟದ ಮೇಜು ಖಾಲಿ ಆಗುತ್ತೆ ಅಂತ ಆಸೆ ಇಟ್ಕೋಬೇಡ, ಮುಂದಿನ ವಾರಕ್ಕೆ ಫ್ಯಾನ್ ಪಾಠದ ತಯಾರಿ ಇದೆ.’